ಮೂಡುಬಿದಿರೆಯ ಉತ್ಸವಗಳು ಮತ್ತು ಕಲಾ ಪ್ರದರ್ಶನಗಳು

ಮೂಡುಬಿದಿರೆಯು ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮಂಗಳೂರಿನ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಸಣ್ಣ ಪಟ್ಟಣ. ಹದಿನೆಂಟು ಬಸದಿಗಳಿರುವ ಈ ಊರು ‘ಜೈನ ಕಾಶಿ’ ಎಂದು ಪ್ರಸಿದ್ಧವಾಗಿದೆ. ಇಲ್ಲಿ ಮತ್ತು ಬೆಳುವಾಯಿ, ಪುತ್ತಿಗೆ, ಮಿಜಾರು ಮೊದಲಾದ ಸುತ್ತಲಿನ ಗ್ರಾಮಗಳಲ್ಲಿ ನಡೆಯುವ ಉತ್ಸವಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಬಸದಿ, ದೇವಸ್ಥಾನ, ದೈವಸ್ಥಾನ ಹಾಗೂ ಗದ್ದೆಗಳನ್ನು ಕೇಂದ್ರವಾಗಿಟ್ಟುಕೊಂಡ ರಥೋತ್ಸವ, ನೇಮ, ಯಕ್ಷಗಾನ ಬಯಲಾಟ ಮತ್ತು ಕಂಬಳ ಮೊದಲನೆಯ ಬಗೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದ ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ಬೆಳೆದ ಸಾಹಿತ್ಯ ಸಮ್ಮೇಳನ, ಸಂಗೀತೋತ್ಸವ, ಚಿತ್ರಕಲಾ ಶಿಬಿರ ಮತ್ತು ಮೇಳಗಳು ಎರಡನೆಯ ಬಗೆ. ಈ ಎರಡು ಬಗೆಯ ಉತ್ಸವಗಳಿಗೂ ಆಶ್ರಯದಾತರ ಬೆಂಬಲ ಹಾಗೂ ಊರಿನವರ ಶ್ರಮವೇ ಆಧಾರ.

ಸ್ಥಳ ಮತ್ತು ಋತುಮಾನ

ಮೂಡುಬಿದಿರೆ ಎಂಬ ಹೆಸರು ಪೂರ್ವ ದಿಕ್ಕನ್ನು ಸೂಚಿಸುವ ‘ಮೂಡು’ ಮತ್ತು ‘ಬಿದಿರು’ ಎಂಬ ಪದಗಳಿಂದ ಬಂದಿದೆ. ಸಂಸ್ಕೃತದಲ್ಲಿ ಊರನ್ನು ವೇಣುಪುರ, ವಂಶಪುರ ಎಂದೂ ಕರೆಯಲಾಗಿದೆ. ಹಿಂದೆ ಮಂಗಳೂರು ತಾಲೂಕಿಗೆ ಸೇರಿದ್ದ ಪ್ರದೇಶವು ಈಗ ಪ್ರತ್ಯೇಕ ತಾಲೂಕಾಗಿದೆ. ಬೆಳುವಾಯಿ ಗ್ರಾಮವು ಮೂಡುಬಿದಿರೆ ಮತ್ತು ಕಾರ್ಕಳದ ನಡುವೆ, ರಾಷ್ಟ್ರೀಯ ಹೆದ್ದಾರಿ 169ರ ಬದಿಯಲ್ಲಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಭಾರಿ ಮಳೆ ಸುರಿಯುವುದರಿಂದ ಬಯಲಿನ ಕಾರ್ಯಕ್ರಮಗಳಿಗೆ ಅವಕಾಶ ಕಡಿಮೆ. ಏಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆ ತೆರವಾದ ಮೇಲೆ, ಅಂದರೆ ನವೆಂಬರ್‌ನಿಂದ ಮೇ ತಿಂಗಳವರೆಗೆ, ಉತ್ಸವಗಳ ಕಾಲ. ತುಳುನಾಡಿನ ರೂಢಿಯಂತೆ ಬೇಶ ತಿಂಗಳ ಹತ್ತನೆಯ ದಿನವಾದ ‘ಪತ್ತನಾಜೆ’ಗೆ ನೇಮ, ಬಯಲಾಟಗಳು ಮುಗಿಯುತ್ತವೆ. ಆಧುನಿಕ ಉತ್ಸವಗಳು ಕೂಡ ಬಹುತೇಕ ನವೆಂಬರ್‌ನಿಂದ ಜನವರಿಯೊಳಗೆ ನಡೆಯುತ್ತ ಬಂದಿವೆ.

ಐತಿಹಾಸಿಕ ಹಿನ್ನೆಲೆ

ಸಾವಿರ ಕಂಬದ ಬಸದಿ ಎಂದು ಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿಯು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ ನಿರ್ಮಾಣವಾಯಿತು. ಇದರ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆ ಮತ್ತು ಚೀನೀ ಶೈಲಿಯ ಡ್ರ್ಯಾಗನ್‌ನ ಉಬ್ಬುಶಿಲ್ಪಗಳಿವೆ. ಒಳನಾಡಿನ ಈ ಊರಿನ ವರ್ತಕರಿಗೆ ಸಮುದ್ರದಾಚೆಯ ದೇಶಗಳ ಸಂಪರ್ಕವಿದ್ದುದಕ್ಕೆ ಇವನ್ನು ಸಾಕ್ಷಿಯಾಗಿ ಪರಿಗಣಿಸಲಾಗುತ್ತದೆ. ಚೌಟ ಅರಸರ ಅರಮನೆಯಲ್ಲಿರುವ ಮರದ ಕಂಬಗಳ ಮೇಲೆ ಸ್ತ್ರೀಯರ ಆಕೃತಿಗಳನ್ನು ಹೆಣೆದು ಆನೆ ಮತ್ತು ಕುದುರೆಯ ರೂಪ ಮೂಡಿಸಿದ ‘ನವನಾರೀಕುಂಜರ’ ಹಾಗೂ ‘ಪಂಚನಾರೀತುರಗ’ ಕೆತ್ತನೆಗಳಿವೆ. ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ರಚಿಸಿದ ರತ್ನಾಕರವರ್ಣಿ ಈ ಊರಿನ ಕವಿ.

ಷಟ್ಖಂಡಾಗಮದ ಮೇಲಿನ ‘ಧವಲಾ’ ಟೀಕೆ ಮತ್ತು ಅದಕ್ಕೆ ಸಂಬಂಧಿಸಿದ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತವಾದರೂ ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ಇವು ದರ್ಶನ ಮತ್ತು ಪೂಜೆಗೆ ಮೀಸಲಾಗಿದ್ದು, ಓದುಗರಿಗೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯ ಆರಂಭವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟವು 1939ರಲ್ಲಿ ಅಚ್ಚಾಯಿತು. ಪೂಜ್ಯವಾದ ವಸ್ತುವನ್ನು ಕಾಪಾಡುವುದು ಹಾಗೂ ಅದನ್ನು ಎಲ್ಲರಿಗೂ ತೆರೆದಿಡುವುದು, ಇವೆರಡರ ನಡುವಿನ ಹೊಂದಾಣಿಕೆಗೆ ಊರಿನ ಇತಿಹಾಸದಲ್ಲಿ ಇದು ಮುಖ್ಯ ನಿದರ್ಶನ.

ಸಾಂಪ್ರದಾಯಿಕ ಉತ್ಸವಗಳು

ಯಕ್ಷಗಾನ

ಮೂಡುಬಿದಿರೆ ಪರಿಸರವು ತೆಂಕುತಿಟ್ಟು ಯಕ್ಷಗಾನದ ಪ್ರದೇಶಕ್ಕೆ ಸೇರಿದೆ. ಹರಕೆ ಹೊತ್ತ ಕುಟುಂಬವು ಮೇಳವನ್ನು ಕರೆಸಿ, ಮನೆಯ ಅಂಗಳದಲ್ಲಿ ಅಥವಾ ಕೊಯ್ಲಾದ ಗದ್ದೆಯಲ್ಲಿ ಆಟ ಆಡಿಸುವುದು ‘ಹರಕೆ ಆಟ’. ಇದಕ್ಕೆ ಟಿಕೆಟ್ ಇರುವುದಿಲ್ಲ. ಬಂದ ಪ್ರೇಕ್ಷಕರೆಲ್ಲರಿಗೂ ಆಡಿಸುವವರೇ ಊಟ ಬಡಿಸುವುದು ವಾಡಿಕೆ. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳಲ್ಲಿ ಹಲವು ಇತ್ತೀಚಿನ ವರ್ಷಗಳಲ್ಲಿ ಕಾಲಮಿತಿಗೆ ಒಳಪಟ್ಟಿವೆ. ಧ್ವನಿವರ್ಧಕ ಬಳಕೆಯ ನಿಯಮಗಳು ಮತ್ತು ಪ್ರೇಕ್ಷಕರ ಬದಲಾದ ದಿನಚರಿ ಇದಕ್ಕೆ ಮುಖ್ಯ ಕಾರಣ. ಬೆಳುವಾಯಿಯ ಯಕ್ಷದೇವ ಮಿತ್ರಕಲಾ ಮಂಡಳಿಯಂತಹ ಹವ್ಯಾಸಿ ಸಂಘಟನೆಗಳು ಬಯಲಾಟ ಹಾಗೂ ತಾಳಮದ್ದಳೆಗಳನ್ನು ಏರ್ಪಡಿಸುತ್ತವೆ. ವೇಷ, ಕುಣಿತಗಳಿಲ್ಲದೆ ಹಾಡು ಮತ್ತು ಅರ್ಥಗಾರಿಕೆಯಿಂದಲೇ ಪ್ರಸಂಗ ಬೆಳೆಸುವ ತಾಳಮದ್ದಳೆಯನ್ನು ಮಳೆಗಾಲದಲ್ಲೂ ಒಳಾಂಗಣದಲ್ಲಿ ನಡೆಸಬಹುದಾದ್ದರಿಂದ, ಬಯಲಾಟ ನಿಂತಿರುವ ತಿಂಗಳುಗಳಲ್ಲಿ ಕಲೆಯ ಸಂಪರ್ಕ ತಪ್ಪುವುದಿಲ್ಲ.

ಕಂಬಳ

ಪಟ್ಟಣದ ಕಡಲಕೆರೆಯಲ್ಲಿ ‘ಕೋಟಿ–ಚೆನ್ನಯ’ ಜೋಡುಕರೆ ಕಂಬಳ ನಡೆಯುತ್ತದೆ. ತುಳು ಪಾಡ್ದನಗಳ ಅವಳಿ ವೀರರಾದ ಕೋಟಿ ಮತ್ತು ಚೆನ್ನಯರ ಹೆಸರನ್ನು ಈ ಕಂಬಳಕ್ಕೆ ಇಡಲಾಗಿದೆ. ಕೆಸರುನೀರು ತುಂಬಿದ ಎರಡು ಸಮಾನಾಂತರ ಓಟದ ಕಣಗಳಿರುವುದರಿಂದ ‘ಜೋಡುಕರೆ’ ಎಂಬ ಹೆಸರು ಬಂದಿದೆ. ಹಗ್ಗ, ನೇಗಿಲು, ಅಡ್ಡಹಲಗೆ ಮತ್ತು ಕೆನೆಹಲಗೆ ಎಂಬ ವಿಭಾಗಗಳಲ್ಲಿ ಕೋಣಗಳ ಜೋಡಿಗಳು ಸ್ಪರ್ಧಿಸುತ್ತವೆ. ಮೊದಲ ಮೂರರಲ್ಲಿ ವೇಗವೇ ನಿರ್ಣಾಯಕ. ಕೆನೆಹಲಗೆಯಲ್ಲಿ ಓಡಿಸುವವನು ನಿಂತ ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ತಲುಪಬೇಕು.

ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಕುರಿತು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ನೀಡಿದ ತೀರ್ಪಿನ ಪರಿಣಾಮ ಕಂಬಳದ ಮೇಲೂ ಆಯಿತು. 2016ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕಂಬಳಕ್ಕೆ ಮಧ್ಯಂತರ ತಡೆ ನೀಡಿತು. ತಡೆಯನ್ನು ವಿರೋಧಿಸಿ 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಅಲಂಕರಿಸಿದ ಕೋಣಗಳ ಜೋಡಿಗಳನ್ನು ಮೆರವಣಿಗೆಯಲ್ಲಿ ಕರೆತರಲಾಯಿತು. ಪ್ರಾಣಿಗಳಿಗೆ ಹಿಂಸೆಯಾಗುತ್ತದೆ ಎಂಬುದು ವಿರೋಧಿಗಳ ವಾದವಾದರೆ, ವರ್ಷವಿಡೀ ಕೋಣಗಳನ್ನು ಸಾಕಿ ಸಲಹುವ ಸಂಸ್ಕೃತಿಯೇ ಓಟವಿಲ್ಲದೆ ಅಳಿಯುತ್ತದೆ ಎಂಬುದು ಕಂಬಳ ಸಂಘಟಕರ ವಾದವಾಗಿತ್ತು. ಅದೇ ವರ್ಷ ರಾಜ್ಯ ಸರ್ಕಾರವು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಷರತ್ತುಗಳೊಂದಿಗೆ ಕಂಬಳಕ್ಕೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಓಟಗಾರ ಶ್ರೀನಿವಾಸ ಗೌಡ ಅವರು 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದು ಅಂತಾರಾಷ್ಟ್ರೀಯ ಮಾಧ್ಯಮಗಳ ಗಮನ ಸೆಳೆಯಿತು.

ಸಾಹಿತ್ಯ ಸಮ್ಮೇಳನ ಮತ್ತು ನುಡಿಸಿರಿ

2003ರ ಡಿಸೆಂಬರ್‌ನಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಮೂಡುಬಿದಿರೆಯಲ್ಲಿ ಜರುಗಿತು. ಕಮಲಾ ಹಂಪನಾ ಅವರು ಅದರ ಅಧ್ಯಕ್ಷರಾಗಿದ್ದರು. ಜಯದೇವಿತಾಯಿ ಲಿಗಾಡೆ ಮತ್ತು ಶಾಂತಾದೇವಿ ಮಾಳವಾಡ ಅವರ ನಂತರ ಆ ಸ್ಥಾನಕ್ಕೇರಿದ ಮೂರನೆಯ ಮಹಿಳೆ ಅವರು. ಸಾಮಾನ್ಯವಾಗಿ ದೊಡ್ಡ ನಗರಗಳಿಗೆ ಸಲ್ಲುತ್ತಿದ್ದ ಸಮ್ಮೇಳನವನ್ನು ಸಣ್ಣ ಪಟ್ಟಣವೊಂದು ನಿರ್ವಹಿಸಬಲ್ಲದು ಎಂಬುದು ಆಗ ಸ್ಪಷ್ಟವಾಯಿತು. ಕಾಲೇಜುಗಳ ವಿದ್ಯಾರ್ಥಿನಿಲಯ, ಸಭಾಂಗಣ, ಅಡುಗೆಮನೆ ಮತ್ತು ಸ್ವಯಂಸೇವಕರ ಪಡೆ ಒಂದೇ ಆವರಣದಲ್ಲಿ ದೊರೆಯುವುದು ಈ ಪಟ್ಟಣಕ್ಕಿದ್ದ ಅನುಕೂಲ.

ಮರುವರ್ಷ, 2004ರಲ್ಲಿ, ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ‘ಆಳ್ವಾಸ್ ನುಡಿಸಿರಿ’ ಎಂಬ ವಾರ್ಷಿಕ ನಾಡುನುಡಿ ಸಮ್ಮೇಳನವನ್ನು ಆರಂಭಿಸಿತು. ವೈದ್ಯರಾದ ಎಂ. ಮೋಹನ ಆಳ್ವ ಅವರು ಪ್ರತಿಷ್ಠಾನದ ಸ್ಥಾಪಕರು. ವಿದ್ಯಾಗಿರಿಯ ಆವರಣದಲ್ಲಿ ರತ್ನಾಕರವರ್ಣಿಯ ಹೆಸರಿನ ವೇದಿಕೆಯಲ್ಲಿ ಮೂರು ದಿನ ಗೋಷ್ಠಿ, ವಿಶೇಷೋಪನ್ಯಾಸ ಹಾಗೂ ಕವಿಸಮಯ ನಡೆದರೆ, ಸಂಜೆಯ ನಂತರ ಹಲವು ವೇದಿಕೆಗಳಲ್ಲಿ ಕಲಾಪ್ರದರ್ಶನಗಳಿರುತ್ತಿದ್ದವು. ಪ್ರತಿವರ್ಷವೂ ಚರ್ಚೆಗೆ ಒಂದು ಕೇಂದ್ರ ವಿಷಯವಿರುತ್ತಿತ್ತು. 2014ರಲ್ಲಿ ‘ಕರ್ನಾಟಕ: ವರ್ತಮಾನದ ತಲ್ಲಣಗಳು’, 2016ರಲ್ಲಿ ‘ಕರ್ನಾಟಕ: ನಾಳೆಗಳ ನಿರ್ಮಾಣ’, 2017ರಲ್ಲಿ ‘ಕರ್ನಾಟಕ: ಬಹುತ್ವದ ನೆಲೆಗಳು’ ಎಂಬ ವಿಷಯಗಳಿದ್ದವು. ಈ ಮೂರು ವರ್ಷಗಳಲ್ಲಿ ಕ್ರಮವಾಗಿ ಸಿದ್ದಲಿಂಗಯ್ಯ, ಬಿ.ಎನ್. ಸುಮಿತ್ರಾಬಾಯಿ ಮತ್ತು ನಾಗತಿಹಳ್ಳಿ ಚಂದ್ರಶೇಖರ ಅವರು ಸರ್ವಾಧ್ಯಕ್ಷರಾಗಿದ್ದರು. 2013ರ ಡಿಸೆಂಬರ್‌ನಲ್ಲಿ ಹತ್ತನೆಯ ನುಡಿಸಿರಿ ಮತ್ತು ಇಪ್ಪತ್ತನೆಯ ವಿರಾಸತ್ ಒಟ್ಟುಗೂಡಿ ‘ವಿಶ್ವ ನುಡಿಸಿರಿ ವಿರಾಸತ್’ ಎಂಬ ಹೆಸರಿನಲ್ಲಿ ನಡೆದವು, ಬಿ.ಎ. ವಿವೇಕ ರೈ ಅವರು ಅದರ ಅಧ್ಯಕ್ಷತೆ ವಹಿಸಿದ್ದರು.

ನುಡಿಸಿರಿಯು ವಿಮರ್ಶೆಗೂ ಒಳಗಾಯಿತು. ಖಾಸಗಿ ಶಿಕ್ಷಣ ಸಂಸ್ಥೆಯೊಂದರ ಆಶ್ರಯದಲ್ಲಿ, ವೈಭವಕ್ಕೆ ಒತ್ತು ಕೊಟ್ಟು ಸಾಹಿತ್ಯ ಸಮ್ಮೇಳನ ನಡೆಸುವುದನ್ನು ಕೆಲವು ಲೇಖಕರು ಮತ್ತು ಚಿಂತಕರು ಪ್ರಶ್ನಿಸಿದರು. ಇದಕ್ಕೆ ಪರ್ಯಾಯವಾಗಿ 2013ರಲ್ಲಿ ಮಂಗಳೂರಿನಲ್ಲಿ ‘ಜನನುಡಿ’ ಎಂಬ ಸಮಾವೇಶ ಆರಂಭವಾಯಿತು. ಅಚ್ಚುಕಟ್ಟಾದ ಸಮಯಪಾಲನೆ, ಗ್ರಾಮೀಣ ವಿದ್ಯಾರ್ಥಿಗಳಿಗೆ ನಾಡಿನ ಲೇಖಕರನ್ನು ನೇರವಾಗಿ ಕೇಳಲು ದೊರೆತ ಅವಕಾಶ ಮತ್ತು ಪುಸ್ತಕ ಮಳಿಗೆಗಳನ್ನು ನುಡಿಸಿರಿಯನ್ನು ಮೆಚ್ಚಿದವರು ಉಲ್ಲೇಖಿಸುತ್ತಾರೆ. 2018ರ ನವೆಂಬರ್‌ನಲ್ಲಿ ಮಲ್ಲಿಕಾ ಘಂಟಿ ಅವರ ಅಧ್ಯಕ್ಷತೆಯಲ್ಲಿ ನಡೆದ ಹದಿನೈದನೆಯ ಆವೃತ್ತಿಯ ಬಳಿಕ ನುಡಿಸಿರಿಯ ವಾರ್ಷಿಕ ಕ್ರಮ ನಿಂತಿತು.

ಆಳ್ವಾಸ್ ವಿರಾಸತ್

‘ಆಳ್ವಾಸ್ ವಿರಾಸತ್’ ಎಂಬುದು 1994ರಲ್ಲಿ ಆರಂಭವಾದ ಸಂಗೀತ ಮತ್ತು ನೃತ್ಯೋತ್ಸವ. ಹಿಂದೂಸ್ತಾನಿ ಮತ್ತು ಕರ್ನಾಟಕ ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಶಾಸ್ತ್ರೀಯ ನೃತ್ಯ ಹಾಗೂ ಜಾನಪದ ಕಲೆಗಳಿಗೆ ಇಲ್ಲಿ ಸ್ಥಾನವಿದೆ. ಮಿಜಾರಿನ ಶೋಭಾವನದಲ್ಲಿ ಹಾಗೂ ಪುತ್ತಿಗೆಯಲ್ಲಿ ಬಯಲು ವೇದಿಕೆಗಳ ಮೇಲೆ ಕಾರ್ಯಕ್ರಮಗಳು ನಡೆದಿವೆ. ಹೊರಗಿನಿಂದ ಬಂದ ಕಲಾವಿದರ ಕಛೇರಿಯ ಬಳಿಕ ಸಂಸ್ಥೆಯ ವಿದ್ಯಾರ್ಥಿಗಳು ಮಲ್ಲಕಂಬ, ಮಣಿಪುರಿ ಕೋಲು ಕುಣಿತ, ಪುರುಲಿಯಾ ಶೈಲಿಯ ನೃತ್ಯ, ಡೊಳ್ಳು ಕುಣಿತ ಮತ್ತು ಯಕ್ಷಗಾನಗಳನ್ನು ಪ್ರದರ್ಶಿಸುತ್ತಾರೆ. 29ನೆಯ ವಿರಾಸತ್ 2023ರ ಡಿಸೆಂಬರ್‌ನಲ್ಲಿಯೂ 30ನೆಯದು 2024ರ ಡಿಸೆಂಬರ್‌ನಲ್ಲಿಯೂ ನಡೆದವು.

ಕಲಾ ಪ್ರದರ್ಶನಗಳು ಮತ್ತು ಮೇಳಗಳು

ನುಡಿಸಿರಿಯ ಅಂಗವಾಗಿ ‘ಚಿತ್ರಸಿರಿ’ ಎಂಬ ರಾಜ್ಯಮಟ್ಟದ ಶಿಬಿರವೂ ವಿರಾಸತ್‌ನ ಅಂಗವಾಗಿ ‘ವರ್ಣ ವಿರಾಸತ್’ ಎಂಬ ರಾಷ್ಟ್ರಮಟ್ಟದ ಶಿಬಿರವೂ ಏರ್ಪಟ್ಟಿವೆ. ಆಹ್ವಾನಿತ ಚಿತ್ರಕಲಾವಿದರು ಉತ್ಸವಕ್ಕೆ ಮೊದಲು ಕೆಲವು ದಿನ ಆವರಣದಲ್ಲೇ ತಂಗಿ ಚಿತ್ರ ರಚಿಸುತ್ತಾರೆ. ಪೂರ್ಣಗೊಂಡ ಕೃತಿಗಳನ್ನು ಉತ್ಸವದ ವೇಳೆ ಪ್ರದರ್ಶಿಸಲಾಗುತ್ತದೆ. ಸ್ಥಾಯಿ ಕಲಾಗ್ಯಾಲರಿಗಳು ವಿರಳವಾದ ಪ್ರದೇಶದಲ್ಲಿ, ಸಿದ್ಧ ಚಿತ್ರವನ್ನಷ್ಟೇ ಅಲ್ಲದೆ ಚಿತ್ರ ರೂಪುಗೊಳ್ಳುವ ಬಗೆಯನ್ನೂ ವಿದ್ಯಾರ್ಥಿಗಳಿಗೆ ಹತ್ತಿರದಿಂದ ನೋಡಲು ಸಾಧ್ಯವಾಗುವುದು ಈ ಶಿಬಿರಗಳ ವೈಶಿಷ್ಟ್ಯ.

ಕೃಷಿ ಪರಂಪರೆ ಮತ್ತು ಫಲಪುಷ್ಪಗಳನ್ನು ಪರಿಚಯಿಸುವ ‘ಕೃಷಿಸಿರಿ’ಯು ನುಡಿಸಿರಿಯೊಂದಿಗೆ ಬೆಳೆದು ಬಂದಿತು. ಇತ್ತೀಚಿನ ವಿರಾಸತ್‌ಗಳಲ್ಲಿ ಕೃಷಿ, ಆಹಾರ, ಫಲಪುಷ್ಪ, ಕರಕುಶಲ ವಸ್ತು ಮತ್ತು ಚಿತ್ರಕಲೆಗೆ ಪ್ರತ್ಯೇಕ ಮೇಳಗಳಿವೆ. ಸಂಗೀತ ಕಛೇರಿಗೆ ಬಾರದ ಕೃಷಿಕ ಕುಟುಂಬಗಳನ್ನೂ ಇವು ಉತ್ಸವದ ಆವರಣಕ್ಕೆ ಕರೆತರುತ್ತವೆ. 2022ರ ಡಿಸೆಂಬರ್ 21ರಿಂದ 27ರವರೆಗೆ ಇದೇ ಆವರಣದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಜರುಗಿತು.

ಬೆಳುವಾಯಿಯಲ್ಲಿರುವ ‘ಸಮ್ಮಿಲನ್ ಶೆಟ್ಟಿ ಬಟರ್‌ಫ್ಲೈ ಪಾರ್ಕ್’ ಬೇರೊಂದು ಬಗೆಯ ಪ್ರದರ್ಶನ ತಾಣ. ಖಾಸಗಿ ಜಮೀನಿನಲ್ಲಿ ಚಿಟ್ಟೆಗಳ ಆತಿಥೇಯ ಸಸ್ಯಗಳನ್ನೂ ಮಕರಂದದ ಗಿಡಗಳನ್ನೂ ಬೆಳೆಸಿ, ಪಶ್ಚಿಮ ಘಟ್ಟದ ತಪ್ಪಲಿನ ಚಿಟ್ಟೆಗಳು ಸಹಜವಾಗಿ ಬಂದು ನೆಲೆಸುವಂತೆ ಇಲ್ಲಿ ಮಾಡಲಾಗಿದೆ.

ಇತರ ಸಂಘಟನೆಗಳು

ಪಟ್ಟಣದ ಸಮಾಜ ಮಂದಿರ ಸಭಾವು ದಸರಾ ಸಂದರ್ಭದಲ್ಲಿ ಸಾಹಿತ್ಯ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ. ವರ್ಧಮಾನ ಪ್ರಶಸ್ತಿ ಪೀಠ ಹಾಗೂ ಶಿವರಾಮ ಕಾರಂತ ಪ್ರತಿಷ್ಠಾನಗಳು ಲೇಖಕರಿಗೆ ಪ್ರಶಸ್ತಿ ನೀಡುವ ಸ್ಥಳೀಯ ಸಂಸ್ಥೆಗಳು. ಸಾವಿರಾರು ಜನ ಸೇರುವ ಉತ್ಸವಗಳ ಅಬ್ಬರ ಇವುಗಳ ಸಭೆಗಳಿಗಿಲ್ಲ.

ಮಹತ್ವ

ಮೂಡುಬಿದಿರೆಯ ಉತ್ಸವಗಳ ಇತಿಹಾಸದಲ್ಲಿ ಆಶ್ರಯದ ಕೇಂದ್ರ ಬದಲಾಗಿದೆ. ಚೌಟರ ಅರಮನೆ, ಜೈನ ವರ್ತಕರು ಮತ್ತು ಹರಕೆಯ ಕುಟುಂಬಗಳು ನಿರ್ವಹಿಸುತ್ತಿದ್ದ ಪಾತ್ರದ ಒಂದು ಭಾಗವನ್ನು ಶಿಕ್ಷಣ ಸಂಸ್ಥೆಗಳು ವಹಿಸಿಕೊಂಡಿವೆ. ಆದರೂ ಬಂದವರಿಗೆ ಊಟ, ವಸತಿ ಒದಗಿಸುವ ಹರಕೆ ಆಟದ ಕ್ರಮವು ನುಡಿಸಿರಿಯ ಪಂಕ್ತಿಭೋಜನದಲ್ಲೂ ಮುಂದುವರಿಯಿತು. ಒಬ್ಬರೇ ಆಶ್ರಯದಾತರನ್ನು ನೆಚ್ಚಿದ ಉತ್ಸವವು ಅಲ್ಪಕಾಲದಲ್ಲಿ ದೊಡ್ಡದಾಗಿ ಬೆಳೆಯಬಲ್ಲದು. ಆಶ್ರಯದ ಆದ್ಯತೆ ಬದಲಾದಾಗ ನಿಂತೂ ಹೋಗಬಹುದು. ನುಡಿಸಿರಿಯ ಹದಿನೈದು ವರ್ಷಗಳು ಇವೆರಡಕ್ಕೂ ಉದಾಹರಣೆ. ಹಲವು ಮನೆತನಗಳು, ಕೋಣಗಳ ಯಜಮಾನರು, ಓಟಗಾರರು ಮತ್ತು ಊರಿನ ಸಮಿತಿಗಳ ನಡುವೆ ಹಂಚಿಹೋದ ಕಂಬಳವು ನ್ಯಾಯಾಲಯದ ತಡೆಯನ್ನೂ ದಾಟಿ ಉಳಿದುಕೊಂಡಿತು.

ಇವನ್ನೂ ನೋಡಿ

ಸಾವಿರ ಕಂಬದ ಬಸದಿ
ರತ್ನಾಕರವರ್ಣಿ
ಕಂಬಳ
ತೆಂಕುತಿಟ್ಟು ಯಕ್ಷಗಾನ
ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ
ಬೆಳುವಾಯಿ