ಬೆಳಕಿಗೆ ಕಾಯುವ ಲೋಹಬಂಧಕಗಳು: ಹಿಡಿತದ ಅಳತೆ ಮತ್ತು ಚರ್ಮವೆಂಬ ನೆಲೆ

2003ರಿಂದ 2005ರ ನಡುವೆ ಅಮೆರಿಕದಲ್ಲಿ ಇಬ್ಬರು ಮಕ್ಕಳು ಮತ್ತು ಒಬ್ಬ ಮಹಿಳೆ, ಮೈಯೊಳಗಿನ ಲೋಹವನ್ನು ಹಿಡಿದು ಹೊರಹಾಕುವ ಕೀಲೇಷನ್ ಚಿಕಿತ್ಸೆಯಿಂದಾಗಿ ತೀರಿಕೊಂಡರು. ರಕ್ತದಲ್ಲಿ ಕ್ಯಾಲ್ಸಿಯಂ ಥಟ್ಟನೆ ಕುಸಿದದ್ದೇ ಕಾರಣವೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2006ರಲ್ಲಿ ವರದಿ ಮಾಡಿತು. ಇಡಿಟಿಎ ಎಂಬ ಲೋಹಬಂಧಕ ಔಷಧಾಲಯದಲ್ಲಿ ಎರಡು ರೂಪಗಳಲ್ಲಿ ದೊರೆಯುತ್ತಿತ್ತು. ಮೊದಲನೆಯದರಲ್ಲಿ ಅಣುವಿನ ಹಿಡಿತದಲ್ಲಿ ಕ್ಯಾಲ್ಸಿಯಂ ಮೊದಲೇ ಕೂತಿರುತ್ತದೆ. ಸೀಸ ಎದುರಾದರೆ ಕ್ಯಾಲ್ಸಿಯಂ ಬಿಟ್ಟು ಸೀಸವನ್ನು ಹಿಡಿಯುತ್ತದೆ. ಎರಡನೆಯದು ಬರಿಗೈಯದು, ಕ್ಯಾಲ್ಸಿಯಮ್ಮನ್ನು ರಕ್ತದಿಂದಲೇ ಕಿತ್ತುಕೊಳ್ಳುತ್ತದೆ. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸವಷ್ಟೇ ಇರುವ ಈ ಎರಡು ಔಷಧಗಳ ಕಥೆ ಇಡೀ ಕೀಲೇಷನ್ ವೈದ್ಯದ ತೊಡಕನ್ನು ತೆರೆದಿಡುತ್ತದೆ. ಲೋಹವನ್ನು ಬಿಗಿಯಾಗಿ ಹಿಡಿಯುವ ಅಣುವನ್ನು ತಯಾರಿಸುವುದು ರಸಾಯನಶಾಸ್ತ್ರಕ್ಕೆ ಹಳೆಯ ವಿದ್ಯೆ. ಬೇಕಾದ ಕಡೆ, ಬೇಕಾದ ಹೊತ್ತಿನಲ್ಲಿ ಮಾತ್ರ ಹಿಡಿಯುವಂತೆ ಮಾಡುವುದು ಇನ್ನೂ ಕೈಗೂಡದ ಕೆಲಸ.

ಈ ವೈದ್ಯದ ಹಿನ್ನೆಲೆ ಚಿಕ್ಕದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾಸ್ತ್ರಕ್ಕೆ ಪ್ರತಿಮದ್ದಾಗಿ ಆಕ್ಸ್‌ಫರ್ಡಿನಲ್ಲಿ ಡೈಮರ್ಕ್ಯಾಪ್ರಾಲ್ ರೂಪುಗೊಂಡಿತು. 1956ರಲ್ಲಿ ಜಾನ್ ವಾಲ್ಶ್ ಅವರು ವಿಲ್ಸನ್ ಕಾಯಿಲೆಯಲ್ಲಿ ಶೇಖರವಾಗುವ ತಾಮ್ರವನ್ನು ಹೊರಹಾಕಲು ಪೆನಿಸಿಲಮೈನ್ ಬಳಸಿ ತೋರಿಸಿದರು. ಥಲಸ್ಸೇಮಿಯಾ ರೋಗಿಗಳಿಗೆ ಮತ್ತೆ ಮತ್ತೆ ರಕ್ತ ಕೊಡುವುದರಿಂದ ಮೈಯಲ್ಲಿ ಕೂಡಿಬೀಳುವ ಕಬ್ಬಿಣಕ್ಕೆ ಡಿಫೆರಾಕ್ಸಮೈನ್ ಬಂತು. ಆದರೆ ಅದನ್ನು ಚರ್ಮದಡಿಗೆ ಸೂಜಿ ಚುಚ್ಚಿ, ರಾತ್ರಿಯಿಡೀ ಪಂಪಿನ ಮೂಲಕ ಹರಿಸಬೇಕು. ಬಾಯಿಂದ ತೆಗೆದುಕೊಳ್ಳಬಹುದಾದ ಡಿಫೆರಿಪ್ರೋನ್ ಬೇರೆ ದೇಶಗಳಿಗಿಂತ ಮೊದಲು, 1995ರ ಹೊತ್ತಿಗೆ, ಭಾರತದ ಮಾರುಕಟ್ಟೆಗೆ ಬಂದದ್ದು ನಮ್ಮಲ್ಲಿ ಹೆಚ್ಚು ಜನ ಗಮನಿಸದ ಸಂಗತಿ. ಅದರಲ್ಲೂ ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ಅಪಾಯಕಾರಿಯಾಗಿ ಇಳಿಯುತ್ತವೆ. ಈ ಔಷಧಗಳಲ್ಲಿ ಒಂದಕ್ಕೂ ತಾನು ಎಲ್ಲಿದ್ದೇನೆಂಬ ಅರಿವಿಲ್ಲ. ಯಕೃತ್ತಿನ ಹೆಚ್ಚುವರಿ ಕಬ್ಬಿಣವೂ ಒಂದೇ, ಡಿಎನ್ಎ ಕಟ್ಟಲು ಬೇಕಾದ ಕಿಣ್ವದ ಕಬ್ಬಿಣವೂ ಒಂದೇ.

ಅರಿವನ್ನು ಹೊರಗಿನಿಂದ ಕೊಡಬಹುದೇ? ಬೆಳಕನ್ನು ಒಂದು ಬಿಂದುವಿನ ಮೇಲೆ ಬೀಳಿಸಬಹುದು, ಒಂದು ಕ್ಷಣಕ್ಕೆ ಹೊತ್ತಿಸಿ ಆರಿಸಬಹುದು. ಹಾಗಾಗಿ ಅಣುವಿನ ಹಿಡಿಯುವ ತುದಿಯೊಂದನ್ನು ಬೆಳಕಿಗೆ ಕಳಚಿಬೀಳುವ ಗುಂಪಿನಿಂದ ಮುಚ್ಚಿಡುವ ಉಪಾಯ ಹುಟ್ಟಿತು. ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಆರ್ಥೋ-ನೈಟ್ರೋಬೆಂಜೈಲ್ ಗುಂಪು. ಸುಮಾರು 350 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಹೀರಿಕೊಂಡಾಗ ಅದರ ಬಂಧ ಮುರಿದು ಒಳಗಿನ ಅಣು ಬಿಡುಗಡೆಯಾಗುತ್ತದೆ. 1970ರ ದಶಕದ ಕೊನೆಯಲ್ಲಿ ಕೋಶದ ಇಂಧನವಾದ ಎಟಿಪಿಯನ್ನು ಹೀಗೆ ಪಂಜರದಲ್ಲಿಟ್ಟು ಪೊರೆಗಳ ಅಧ್ಯಯನಕ್ಕೆ ಬಳಸಿದರು. ಲೋಹಗಳ ಸರದಿ ಬಂದದ್ದು ಮುಂದಿನ ದಶಕದಲ್ಲಿ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಕ್ಷೇತ್ರದ ಅರ್ಧಕ್ಕರ್ಧ ತಪ್ಪು ತಿಳಿವಳಿಕೆ ಒಂದು ಅಂಕಿಯನ್ನು ಓದುವ ರೀತಿಯಿಂದ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಆ ಅಂಕಿ ವಿಯೋಜನಾ ಸ್ಥಿರಾಂಕ. ಯಾವ ಲೋಹಸಾರತೆಯಲ್ಲಿ ಬಂಧಕದ ಅರ್ಧ ಅಣುಗಳು ಲೋಹವನ್ನು ಹಿಡಿದಿರುತ್ತವೆಯೋ ಅದೇ ಈ ಸ್ಥಿರಾಂಕ. ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ. 1988ರಲ್ಲಿ ಕ್ಯಾಪ್ಲನ್ ಮತ್ತು ಎಲಿಸ್-ಡೇವಿಸ್ ಪ್ರಕಟಿಸಿದ ಡಿಎಂ-ನೈಟ್ರೋಫೆನ್ ಎಂಬ ಅಣು ಕ್ಯಾಲ್ಸಿಯಮ್ಮನ್ನು 5 ನ್ಯಾನೊಮೋಲಾರ್ ಬಿಗಿತದಲ್ಲಿ ಹಿಡಿಯುತ್ತದೆ. ಬೆಳಕು ಬಿದ್ದು ಅಣು ಎರಡು ತುಂಡಾದ ಮೇಲೆ ಅದೇ ಸ್ಥಿರಾಂಕ 3 ಮಿಲಿಮೋಲಾರ್ ಆಗುತ್ತದೆ. ಬಿಗಿತ ಆರು ಲಕ್ಷ ಪಾಲು ಸಡಿಲವಾಯಿತು. ಮರು ವರ್ಷ ರೋಜರ್ ತ್ಸಿಯನ್ ಅವರ ತಂಡ ಡಯಾಜೋ-2 ಎಂಬ ವಿರುದ್ಧ ದಿಕ್ಕಿನ ಅಣುವನ್ನು ಮುಂದಿಟ್ಟಿತು. ಅದು ಬೆಳಕಿನಲ್ಲಿ ಬಿಗಿಯಾಗುವಂಥದ್ದು: 2.2 ಮೈಕ್ರೋಮೋಲಾರಿನಿಂದ 73 ನ್ಯಾನೊಮೋಲಾರಿಗೆ, ಅಂದರೆ ಕೇವಲ 30 ಪಟ್ಟು. ಆರು ಲಕ್ಷದ ಮುಂದೆ ಮೂವತ್ತು ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು.

ಲೆಕ್ಕ ಹಾಕಿ ನೋಡೋಣ. ವಿಶ್ರಾಂತ ಜೀವಕೋಶದೊಳಗೆ ಬಿಡಿ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್ ಇರುತ್ತದೆ. ಆ ಸಾರತೆಯಲ್ಲಿ ಡಯಾಜೋ-2 ಬೆಳಕಿಗೆ ಮುಂಚೆ ನೂರರಲ್ಲಿ ನಾಲ್ಕು ಅಣುಗಳಲ್ಲಷ್ಟೇ ಕ್ಯಾಲ್ಸಿಯಂ ಹಿಡಿದಿರುತ್ತದೆ. ಬೆಳಕು ಬಿದ್ದ ಮೇಲೆ ಐವತ್ತೆಂಟರಲ್ಲಿ. ಕೋಶದ ಕೆಲಸಕ್ಕೆ ಅಡ್ಡಿಯಾಗದೆ ಕಾದಿದ್ದು, ಬೆಳಕು ಬಂದೊಡನೆ ಕ್ಯಾಲ್ಸಿಯಮ್ಮನ್ನು ಗಬಕ್ಕನೆ ಎಳೆದುಕೊಳ್ಳುತ್ತದೆ. ಈ ಗುಣದಿಂದಲೇ ಕಪ್ಪೆಯ ಸ್ನಾಯುತಂತು ಎಷ್ಟು ಬೇಗ ಸಡಿಲಗೊಳ್ಳುತ್ತದೆಂದು 1989ರಲ್ಲೇ ಅಳೆಯಲು ಸಾಧ್ಯವಾಯಿತು. ಇನ್ನು ಡಿಎಂ-ನೈಟ್ರೋಫೆನ್. ಅದು ಮೆಗ್ನೀಸಿಯಮ್ಮನ್ನೂ 2.5 ಮೈಕ್ರೋಮೋಲಾರ್ ಬಿಗಿತದಲ್ಲಿ ಹಿಡಿಯುತ್ತದೆ. ಕೋಶದೊಳಗೆ ಮೆಗ್ನೀಸಿಯಂ ಒಂದು ಮಿಲಿಮೋಲಾರಿನ ಆಸುಪಾಸು, ಅಂದರೆ ಕ್ಯಾಲ್ಸಿಯಮ್ಮಿಗಿಂತ ಸುಮಾರು ಹತ್ತು ಸಾವಿರ ಪಾಲು ಹೆಚ್ಚು. ಈ ಸ್ಪರ್ಧೆಯನ್ನು ಲೆಕ್ಕಕ್ಕೆ ಸೇರಿಸಿದರೆ 5 ನ್ಯಾನೊಮೋಲಾರ್ ಎಂಬ ಸ್ಥಿರಾಂಕ ಕಾರ್ಯತಃ 2 ಮೈಕ್ರೋಮೋಲಾರ್ ಆಗಿಬಿಡುತ್ತದೆ. ನೂರು ಅಣುಗಳಲ್ಲಿ ಕ್ಯಾಲ್ಸಿಯಂ ಹೊತ್ತವು ಬರೀ ಐದು. ಉಳಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೆಗ್ನೀಸಿಯಮ್ಮಿನಿಂದ ತುಂಬಿರುತ್ತವೆ. ಮೆಗ್ನೀಸಿಯಂ ತೆಗೆದ ದ್ರಾವಣಗಳಲ್ಲಿ ಆ ಅಣು ಅದ್ಭುತವಾಗಿ ಕೆಲಸ ಮಾಡಿತು, ಮಾಡುತ್ತಿದೆ. ಅದೇ ಸಂಶೋಧಕರು 1994ರಲ್ಲಿ ಎನ್‌ಪಿ-ಇಜಿಟಿಎ ತಂದಾಗ ಅದರ ಮೆಗ್ನೀಸಿಯಂ ಹಿಡಿತವನ್ನು ಮಿಲಿಮೋಲಾರ್ ಮಟ್ಟಕ್ಕೆ ಇಳಿಸಿದ್ದು ಈ ಕಾರಣಕ್ಕೇ.

ಎಂದರೆ, ಬೆಳಕಿಗೆ ಮುಂಚಿನ ಮತ್ತು ನಂತರದ ಎರಡು ಅಂಕಿಗಳು ಜೀವಕೋಶದ ಸ್ವಂತ ಲೋಹಸಾರತೆಯ ಆಚೆಗೊಂದು ಈಚೆಗೊಂದು ಬೀಳಬೇಕು. ಅಂತರ ಎಷ್ಟು ಪಟ್ಟು ಎಂಬುದು ಅದಾದ ಮೇಲಿನ ಮಾತು. ಅಂಕಿಗಳು ಬೀಳುವ ಜಾಗವನ್ನೂ ಅವುಗಳ ಅಂತರವನ್ನೂ ಒಂದೇ ಎಂದು ಓದುವುದರಿಂದಲೇ ಪ್ರಯೋಗನಳಿಕೆಯಲ್ಲಿ ಮೆರೆದ ಅಣುಗಳು ಅಂಗಾಂಶದಲ್ಲಿ ಸೋಲುವಾಗ ನಾವು ಬೆರಗಾಗುತ್ತೇವೆ.

ತಾಮ್ರದಲ್ಲಿ ಈ ಸಮಸ್ಯೆ ಇನ್ನೂ ಕಠಿಣ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರೀನ್ ಫ್ರಾಂಜ್ ಅವರ ತಂಡ 2008ರಲ್ಲಿ ತಾಮ್ರಕ್ಕೆ ಬೆಳಕಿನ ಪಂಜರ ಕಟ್ಟಿತು. ಅದರ ಬಿಗಿತ ಪಿಕೊಮೋಲಾರ್ ಮಟ್ಟದ್ದು. ಕೇಳಲು ಭಾರಿ ಬಿಗಿ. ಆದರೆ ನಮ್ಮ ರಕ್ತದಲ್ಲಿ ಯಥೇಚ್ಛವಾಗಿರುವ ಅಲ್ಬುಮಿನ್ ಪ್ರೋಟೀನೂ ತಾಮ್ರವನ್ನು ಆ ಮಟ್ಟದಲ್ಲೇ ಹಿಡಿಯುತ್ತದೆ. ಕೋಶದೊಳಗಂತೂ ಬಿಡಿ ತಾಮ್ರ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟಿಸಿಯೇ ಕೋಶ ಅದನ್ನು ಬಳಸುತ್ತದೆ. ಹಾಗಾಗಿ ಆ ತಂಡ ಮುಂದಿನ ಪೀಳಿಗೆಯ ಅಣುಗಳಲ್ಲಿ ಹಿಡಿತವನ್ನು ಇನ್ನಷ್ಟು ಬಿಗಿಮಾಡಿತು. 2013ರಲ್ಲಿ ಅಂಥ ಅಣುವೊಂದು ಬೆಳಕಿನಲ್ಲಿ ತಾಮ್ರವನ್ನು ಕಳಚಿ ಸಾಕಣೆಯ ಜೀವಕೋಶಗಳನ್ನು ಕೊಲ್ಲಬಲ್ಲದೆಂದು ತೋರಿಸಿತು. ಗಮನಿಸಬೇಕಾದದ್ದು, ಇಲ್ಲಿ ಔಷಧ ಲೋಹವೇ. ಬಂಧಕ ಅದನ್ನು ಸಾಗಿಸುವ ವಾಹನ.

ಕಬ್ಬಿಣದ ವಿಷಯದಲ್ಲಿ ಚಿತ್ರ ಬೇರೆ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಒಪ್ಪಿತವಾದ ಚಿಂತನೆ ಇರುವುದೂ ಅಲ್ಲೇ. ಬಿಸಿಲಿನಲ್ಲಿರುವ 320ರಿಂದ 400 ನ್ಯಾನೊಮೀಟರಿನ ಅತಿನೇರಳೆ-ಎ ಕಿರಣ ಕಿಟಕಿಯ ಗಾಜನ್ನು ದಾಟುತ್ತದೆ, ಚರ್ಮದ ಮೇಲ್ಪದರವನ್ನು ದಾಟಿ ಒಳಪದರದವರೆಗೆ ಇಳಿಯುತ್ತದೆ. ಅಲ್ಲಿಯ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ ಅದು ಏನು ಮಾಡುತ್ತದೆಂದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಚಾರಾರೆ ಪೂರ್ಜಂದ್, ರೆಕ್ಸ್ ಟೈರೆಲ್ ಮತ್ತು ಸಂಗಡಿಗರು 1999ರಲ್ಲಿ ಪತ್ತೆಹಚ್ಚಿದರು. ಕೋಶದ ಕಬ್ಬಿಣದ ಉಗ್ರಾಣ ಫೆರಿಟಿನ್ ಎಂಬ ಪ್ರೋಟೀನು. ಅದರ ಪೊಳ್ಳಿನಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ. ಅತಿನೇರಳೆ-ಎ ಬಿದ್ದಾಗ ಲೈಸೊಸೋಮುಗಳ ಪೊರೆ ಹಾಳಾಗಿ ಒಳಗಿನ ಜೀರ್ಣಕಿಣ್ವಗಳು ಸೋರುತ್ತವೆ. ಅವು ಫೆರಿಟಿನ್ನನ್ನು ಒಡೆಯುತ್ತವೆ. ಕಬ್ಬಿಣ ಕೋಶರಸಕ್ಕೆ ಚೆಲ್ಲುತ್ತದೆ. ಅದೇ ಕಿರಣ ಹೈಡ್ರೋಜನ್ ಪೆರಾಕ್ಸೈಡನ್ನೂ ಹುಟ್ಟಿಸಿರುತ್ತದೆ. ಇವೆರಡೂ ಸೇರಿದರೆ 1894ರಲ್ಲಿ ಫೆಂಟನ್ ವರದಿ ಮಾಡಿದ ಹಳೆಯ ಕ್ರಿಯೆ ನಡೆದು, ಎದುರಿಗೆ ಸಿಕ್ಕಿದ್ದನ್ನೆಲ್ಲ ಸುಡುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಮೈಟೊಕಾಂಡ್ರಿಯಾ ಹಾಳಾಗುತ್ತದೆ, ಎಟಿಪಿ ಬರಿದಾಗುತ್ತದೆ, ಕೋಶ ಒಡೆದು ಸಾಯುತ್ತದೆ.

ಹಾಗಿದ್ದರೆ ಬಿಸಿಲಿಗೆ ಹೋಗುವ ಮುನ್ನ ಬಲವಾದ ಕಬ್ಬಿಣಬಂಧಕವನ್ನು ಮೈಗೆ ಹಚ್ಚಿಕೊಂಡರೆ ಸಾಲದೇ? ಸಾಲದು. ಕೋಶವಿಭಜನೆಗೆ ಕಬ್ಬಿಣ ಬೇಕೇ ಬೇಕು. ದಿನವೂ ಹಚ್ಚುವ ಲೇಪ ಚರ್ಮವನ್ನು ಕಬ್ಬಿಣದ ಬರಕ್ಕೆ ತಳ್ಳುತ್ತದೆ. ಬಾತ್ ತಂಡ 2006ರಲ್ಲಿ ಮುಂದಿಟ್ಟ ಪರಿಹಾರ ಪಂಜರದ್ದು. ಎಸ್‌ಐಎಚ್ ಎಂಬ ಚಿಕ್ಕ ಅಣು ಮೂರು ಕೊಂಡಿಗಳಿಂದ ಕಬ್ಬಿಣವನ್ನು ಹಿಡಿಯುತ್ತದೆ: ಫೀನಾಲಿನ ಆಮ್ಲಜನಕ, ನಡುವಿನ ಸಾರಜನಕ, ಆಚೆಯ ಇನ್ನೊಂದು ಆಮ್ಲಜನಕ. ಎರಡು ಅಣುಗಳು ಎದುರುಬದುರು ಬಂದರೆ ಫೆರಿಕ್ ಅಯಾನಿನ ಆರೂ ಸ್ಥಾನ ತುಂಬುತ್ತವೆ. ಇದರ ಫೀನಾಲ್ ತುದಿಗೆ ನೈಟ್ರೋಬೆಂಜೈಲ್ ಗುಂಪನ್ನು ತೊಡಿಸಿದರೆ ಮುಖ್ಯ ಕೊಂಡಿಯೇ ಮುಚ್ಚಿಹೋಗಿ ಕಬ್ಬಿಣ ನಿಲ್ಲುವುದಿಲ್ಲ. ಅತಿನೇರಳೆ-ಎ ಬಿದ್ದರೆ ಆ ಗುಂಪು ಕಳಚಿ ಎಸ್‌ಐಎಚ್ ಹೊರಬರುತ್ತದೆ. ಸಾಕಣೆಯ ಚರ್ಮಕೋಶಗಳಲ್ಲಿ ಈ ಅಣು ಕತ್ತಲಲ್ಲಿ ಹೆಚ್ಚು ತೊಂದರೆ ಕೊಡದೆ, ಕಿರಣ ಬಿದ್ದಾಗ ಸಾವನ್ನು ತಡೆಯಿತು.

ಇದರ ಸೊಗಸು ಇರುವುದು ಪ್ರಚೋದಕದ ಆಯ್ಕೆಯಲ್ಲಿ. ಬಹುತೇಕ ದ್ಯುತಿಚಿಕಿತ್ಸೆಗಳಲ್ಲಿ ವೈದ್ಯರು ಬೆಳಕನ್ನು ಒಯ್ಯಬೇಕು. ಇಲ್ಲಿ ಹಾನಿ ಮಾಡುವ ಕಿರಣವೇ ಮದ್ದನ್ನೂ ಬಿಡಿಸುತ್ತದೆ. ಹಾನಿ ಎಲ್ಲಿ ಎಷ್ಟೋ ಮದ್ದೂ ಅಲ್ಲಿ ಅಷ್ಟು. ಡಯಾಜೋ-2 ಕ್ಯಾಲ್ಸಿಯಮ್ಮಿಗೆ ಮಾಡಿದ್ದನ್ನೇ ಇದು ಕಬ್ಬಿಣಕ್ಕೆ ಮಾಡುತ್ತದೆ, ಮೇಲಾಗಿ ಲೇಸರ್ ಬೇಕಿಲ್ಲ. ಬೆಳಕಿನ ಲೋಹಬಂಧಕಗಳಿಗೆ ಸಹಜ ನೆಲೆ ಚರ್ಮ ಎಂದು ನಾನು ವಾದಿಸುವುದು ಇದಕ್ಕೇ.

ತೊಡಕುಗಳನ್ನು ಮುಚ್ಚಿಡಬಾರದು. ನೈಟ್ರೋಬೆಂಜೈಲ್ ಗುಂಪು ಕಳಚುವಾಗ ನೈಟ್ರೋಸೊ-ಬೆಂಜಾಲ್ಡಿಹೈಡ್ ಎಂಬ ಚೂರು ಉಳಿಯುತ್ತದೆ. ಅದು ಪ್ರೋಟೀನುಗಳಿಗೆ ಅಂಟಿಕೊಳ್ಳುವ ಕಿರಿಕಿರಿಯ ವಸ್ತು. ಎಸ್‌ಐಎಚ್‌ನ ಹೈಡ್ರಜೋನ್ ಬಂಧ ನೀರಿನಂಶದಲ್ಲಿ, ಅದರಲ್ಲೂ ರಕ್ತರಸದಲ್ಲಿ, ಹೆಚ್ಚು ಕಾಲ ಬಾಳುವುದಿಲ್ಲ. ಲೇಪದ ರೂಪದಲ್ಲಿ ಮಾರುವುದಾದರೆ ಇನ್ನೊಂದು ಪೇಚು: ಅದಕ್ಕೆ ಸಾಮಾನ್ಯ ಸನ್‌ಸ್ಕ್ರೀನಿನ ಅತಿನೇರಳೆ-ಎ ಶೋಧಕಗಳನ್ನು ಬೆರೆಸಿದರೆ ಅವು ಪಂಜರ ತೆರೆಯಬೇಕಾದ ಕಿರಣವನ್ನೇ ತಡೆದುಬಿಡುತ್ತವೆ. ಬಾತ್ ತಂಡ ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಜೊತೆ ಸೇರಿ 2016ರಲ್ಲಿ ಪಂಜರವನ್ನು ಬಿಟ್ಟು, ಕಬ್ಬಿಣಬಂಧಕವನ್ನು ಮೈಟೊಕಾಂಡ್ರಿಯಾಕ್ಕೇ ಕಳಿಸುವ ದಾರಿಯನ್ನು ವರದಿ ಮಾಡಿತು. ಅದರ ಫಲಿತಾಂಶ ಚೆನ್ನಾಗಿದೆ. ಆದರೂ ಹಚ್ಚಿದವರು ನೆರಳಿನಲ್ಲೇ ಕುಳಿತಿದ್ದರೂ ಆ ಅಣು ಎಚ್ಚರವಾಗಿಯೇ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕುತೂಹಲದ ಸಂಗತಿಯೆಂದರೆ ಚರ್ಮದ ಕೋಶವನ್ನು ಬೆಳಕಿನಿಂದ ಉಳಿಸುವ ಈ ಬಂಧಕಗಳೇ ಅದನ್ನು ಬೆಳಕಿನಿಂದ ಕೊಲ್ಲಲೂ ನೆರವಾಗುತ್ತವೆ. ಬಿಸಿಲಿನಿಂದ ಹುಟ್ಟುವ ಪೂರ್ವ-ಕ್ಯಾನ್ಸರ್ ಗಂಟುಗಳಿಗೆ ಅಮೈನೊಲೆವುಲಿನಿಕ್ ಆಮ್ಲ ಹಚ್ಚಿ ಬೆಳಕು ಬಿಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1999ರಲ್ಲಿ ಮಂಜೂರಾತಿ ಸಿಕ್ಕಿತು. ಕೋಶ ಆ ಆಮ್ಲದಿಂದ ಪ್ರೊಟೊಪೋರ್ಫಿರಿನ್-9 ತಯಾರಿಸುತ್ತದೆ. ಫೆರೊಕೆಲಟೇಸ್ ಕಿಣ್ವ ಅದರೊಳಗೆ ಕಬ್ಬಿಣ ಕೂರಿಸಿದರೆ ಹೀಮ್ ಆಗುತ್ತದೆ. ಹೀಮ್ ಬೆಳಕಿಗೆ ಪ್ರತಿಕ್ರಿಯಿಸದು, ಪೋರ್ಫಿರಿನ್ ಪ್ರತಿಕ್ರಿಯಿಸಿ ವಿಷಕಾರಿ ಆಮ್ಲಜನಕ ಹುಟ್ಟಿಸುತ್ತದೆ. ಕಬ್ಬಿಣವನ್ನು ಬಂಧಕವೊಂದು ಕಸಿದರೆ ಹೀಮ್ ಹುಟ್ಟುವುದು ತಡವಾಗಿ ಪೋರ್ಫಿರಿನ್ ಕೂಡಿಬೀಳುತ್ತದೆ, ಚಿಕಿತ್ಸೆ ಹರಿತವಾಗುತ್ತದೆ. ಈ ತರ್ಕದ ಮೇಲೆ ಎಕ್ಸೆಟರಿನ ಅಲಿಸನ್ ಕರ್ನೋ ಅವರ ತಂಡ ಆಮ್ಲವನ್ನೂ ಕಬ್ಬಿಣಬಂಧಕವನ್ನೂ ಒಂದೇ ಅಣುವಿಗೆ ಕೂಡಿಸಿದ ಎಪಿ2-18 ಎಂಬ ಸಂಯುಕ್ತವನ್ನು ಪರೀಕ್ಷಿಸಿದೆ. ರಕ್ಷಣೆಗೂ ನಾಶಕ್ಕೂ ನಡುವಿನ ವ್ಯತ್ಯಾಸ ಬಂಧಕದ್ದಲ್ಲ. ಕೋಶದಲ್ಲಿ ಆ ಹೊತ್ತಿಗೆ ಪೋರ್ಫಿರಿನ್ ಎಷ್ಟಿದೆ ಎಂಬುದರದ್ದು. ಹಾಗಾಗಿ ಕಬ್ಬಿಣಬಂಧಕದ ಬಿಸಿಲ ಲೇಪ ಹಚ್ಚಿದವರಿಗೆ ಈ ಚಿಕಿತ್ಸೆ ಕೊಡುವಾಗ ಎರಡೂ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕಾದೀತು.

ಚರ್ಮದಿಂದ ಆಳಕ್ಕೆ ಇಳಿಯುವುದು ಭೌತಶಾಸ್ತ್ರದ ಪ್ರಶ್ನೆ. 350 ನ್ಯಾನೊಮೀಟರಿನ ಬೆಳಕು ಒಂದು ಮೋಲಿಗೆ ಸುಮಾರು 340 ಕಿಲೊಜೌಲ್ ಹೊತ್ತು ತರುತ್ತದೆ, 650 ನ್ಯಾನೊಮೀಟರಿನ ಕೆಂಪು ಸುಮಾರು 184. ಅಂಗಾಂಶವನ್ನು ದಾಟುವುದು ಕೆಂಪು ಬೆಳಕು. ಪಂಜರ ಮುರಿಯಲು ಬೇಕಾದ ಶಕ್ತಿ ಇರುವುದು ಅತಿನೇರಳೆಯಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ಪ್ರಯೋಗಾಲಯ ಬಹುಕಾಲದಿಂದ ಎದುರಿಸುತ್ತ ಬಂದಿರುವುದು ಈ ಕಂದಕವನ್ನೇ. ಅದೇ ಸಂಸ್ಥೆಯ ಪಾಟೂರು ಕೊಂಡಯ್ಯ ಅವರ ತಂಡದೊಂದಿಗೆ ಅವರು 2015ರಲ್ಲಿ ಪ್ರಕಟಿಸಿದ ಪ್ಲಾಟಿನಂ–ಕರ್ಕ್ಯುಮಿನ್ ಸಂಕೀರ್ಣ ಇಲ್ಲಿ ಪ್ರಸ್ತುತ. ಅರಿಶಿನದ ಕರ್ಕ್ಯುಮಿನ್‌ನಲ್ಲಿ ಎರಡು ಆಮ್ಲಜನಕಗಳು ಅಕ್ಕಪಕ್ಕ ಇದ್ದು, ಅದು ತಾನೇ ಒಂದು ಲೋಹಬಂಧಕ. ಬಿಡಿಯಾಗಿ ರಕ್ತದ ಕ್ಷಾರಗುಣದಲ್ಲಿ ಬಹುಬೇಗ ಕೆಡುತ್ತದೆ, ಪ್ಲಾಟಿನಮ್ಮಿಗೆ ಕಟ್ಟಿದರೆ ಉಳಿಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಬಿದ್ದಾಗ ಆ ಕಟ್ಟು ಬಿಚ್ಚಿ ಎರಡು ಮದ್ದುಗಳು ಒಟ್ಟಿಗೆ ಬರುತ್ತವೆ: ಕರ್ಕ್ಯುಮಿನ್ ಬೆಳಕಿನಲ್ಲಿ ವಿಷವಾಗುತ್ತದೆ, ಪ್ಲಾಟಿನಂ ಡಿಎನ್ಎಯ ಎಳೆಗಳನ್ನು ಬೆಸೆಯುತ್ತದೆ. ಪಂಜರ ಕಳಚಿದ ಮೇಲೆ ಎಸೆಯಬೇಕಾದ ಚೂರು ಉಳಿಯುವುದಿಲ್ಲ. ನೈಟ್ರೋಬೆಂಜೈಲ್ ಅಣುಗಳ ದೊಡ್ಡ ಕುಂದು ಇಲ್ಲಿ ಇಲ್ಲವಾಗಿದೆ. ಆದರೆ ಕರ್ಕ್ಯುಮಿನ್ ಹೀರುವುದು ನೀಲಿಯ ಆಸುಪಾಸಿನ ಬೆಳಕನ್ನು, ಅದು ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರಿಗಿಂತ ಆಳಕ್ಕೆ ಇಳಿಯದು. ಅದೇ ಪ್ರಯೋಗಾಲಯ ಬೋಡಿಪಿ ಎಂಬ ವರ್ಣಕವನ್ನು ಲೋಹಸಂಕೀರ್ಣಗಳಿಗೆ ಜೋಡಿಸಿ ಕೆಂಪು ಬೆಳಕಿನತ್ತ ಸಾಗಿರುವುದು ಈ ಮಿಲಿಮೀಟರುಗಳ ಸಲುವಾಗಿ.