ಸಮಬಲದ ಹುಡುಕಾಟ: ವಾರ್‌ಹ್ಯಾಮರ್ ಸೇನಾಪಟ್ಟಿಗಳ ವಾಗ್ವಾದದ ಇತಿಹಾಸ

ಅಂಗುಲದಷ್ಟು ಎತ್ತರದ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ದಂಡುಕಟ್ಟಿ ನಿಲ್ಲಿಸಿ, ಅವರ ನಡಿಗೆಯನ್ನು ಅಳತೆಪಟ್ಟಿಯಿಂದ ಅಳೆದು, ಹೊಡೆತದ ಫಲವನ್ನು ದಾಳ ಉರುಳಿಸಿ ನಿರ್ಣಯಿಸುವ ಯುದ್ಧಕ್ರೀಡೆಗಳಲ್ಲಿ ಅರ್ಧ ಕಾಳಗವು ಮೇಜಿಗೆ ಬರುವ ಮೊದಲೇ ಕಾಗದದ ಮೇಲೆ ನಡೆದುಹೋಗಿರುತ್ತದೆ. ಪ್ರತಿಯೊಬ್ಬ ಸೈನಿಕನಿಗೂ, ಕುದುರೆಗೂ, ಫಿರಂಗಿಗೂ, ಮಾಂತ್ರಿಕನಿಗೂ ನಿಯಮಪುಸ್ತಕ ಒಂದು ಬೆಲೆ ಕಟ್ಟಿರುತ್ತದೆ. ಆ ಬೆಲೆಯನ್ನು ಆಟಗಾರರು ‘ಪಾಯಿಂಟ್ಸ್’ ಎನ್ನುತ್ತಾರೆ. ಎರಡೂ ಕಡೆಯವರು ಒಂದೇ ಮೊತ್ತದೊಳಗೆ, ಉದಾಹರಣೆಗೆ 2000 ಪಾಯಿಂಟ್ಸ್‌ಗಳೊಳಗೆ, ತಮಗೆ ಬೇಕಾದ ಪಡೆಗಳನ್ನು ಆಯ್ದುಕೊಂಡು ಬರೆದಿಡುವ ಲೆಕ್ಕವೇ ಸೇನಾಪಟ್ಟಿ. ಇಂಗ್ಲೆಂಡಿನಲ್ಲಿ 1983ರಲ್ಲಿ ಪ್ರಕಟವಾದ ‘ವಾರ್‌ಹ್ಯಾಮರ್’ ಎಂಬ ಕಲ್ಪನಾಲೋಕದ ಯುದ್ಧಕ್ರೀಡೆಯ ಸುತ್ತ ಬೆಳೆದ ಪಂದ್ಯಾವಳಿಗಳಲ್ಲಿ ಈ ಪಟ್ಟಿಗಳ ಬಗ್ಗೆ ನಡೆದ ವಾದವಿವಾದಗಳು, ಅಸಮಾನವಾದ ಎರಡು ಸೈನ್ಯಗಳ ನಡುವೆ ನ್ಯಾಯವಾದ ಪಂದ್ಯ ಏರ್ಪಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದೀರ್ಘ ಪ್ರಯತ್ನದ ದಾಖಲೆಯಾಗಿವೆ.

ಈ ಪ್ರಶ್ನೆ ಚದುರಂಗದಲ್ಲಿ ಹುಟ್ಟಲು ಅವಕಾಶವೇ ಇರಲಿಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವನ್ನು ಹಾಸಿನ ಮೇಲೆ ತಂದ ಭಾರತದ ಆ ಆಟದಲ್ಲಿ ಎರಡೂ ಪಕ್ಷಗಳ ಬಲ ಕಾಯಿಗೆ ಕಾಯಿ ಸರಿಸಮವಾಗಿದ್ದು, ಅದು ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ದಾಟಿ ಯೂರೋಪಿನ ಚೆಸ್ ಆದಾಗಲೂ ಆ ಸಮತೆ ಕೆಡಲಿಲ್ಲ. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿದ್ದ ಯೋಹಾನ್ ಕ್ರಿಸ್ಟಿಯಾನ್ ಲುಡ್ವಿಗ್ ಹೆಲ್ವಿಗ್ 1780ರಲ್ಲಿ ಚೆಸ್ ಹಾಸನ್ನು 1600ಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ನದಿ, ಊರುಗಳನ್ನು ಬಣ್ಣಗಳಿಂದ ಸೂಚಿಸಿದ ಯುದ್ಧಕ್ರೀಡೆಯನ್ನು ಪ್ರಕಟಿಸಿದನು. ಪ್ರಷ್ಯಾದ ರೈಸ್‌ವಿಟ್ಸ್ ಮನೆತನದ ತಂದೆ 1812ರಲ್ಲಿ ಅರಸನಿಗೆ ತೋರಿಸಿದ ಆಟವನ್ನು ಮಗ 1824ರಲ್ಲಿ ದಾಳ ಮತ್ತು ಭೂಪಟಗಳ ನೆರವಿನಿಂದ ಸೇನಾಧಿಕಾರಿಗಳ ತರಬೇತಿಗೆ ಒಗ್ಗುವ ‘ಕ್ರೀಗ್‌ಸ್ಪೀಲ್’ ಆಗಿ ರೂಪಿಸಿದಾಗ, ಸಮಬಲದ ಕಟ್ಟಳೆ ಬೇಕೆಂದೇ ಸಡಿಲಗೊಂಡಿತು. ಏಕೆಂದರೆ ನಿಜವಾದ ಯುದ್ಧದಲ್ಲಿ ಶತ್ರು ತನ್ನಷ್ಟೇ ಬಲದೊಡನೆ ಬರುತ್ತಾನೆಂಬ ಖಾತ್ರಿ ಯಾವ ಸೇನಾನಿಗೂ ಇರುವುದಿಲ್ಲ. ಅಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿದ್ದು, ಸನ್ನಿವೇಶಕ್ಕೆ ತಕ್ಕ ಬಲವನ್ನು ಹಂಚುತ್ತಿದ್ದುದರಿಂದ ಪಟ್ಟಿಯ ಬಗ್ಗೆ ಆಟಗಾರರು ವಾದಿಸಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ತೀರ್ಪುಗಾರನಿಲ್ಲದೆ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಬಿಡುವಿನ ದಿನಗಳಲ್ಲಿ ಸ್ಪರ್ಧೆಗೆ ಕೂತಾಗ ಮಾತ್ರ ಬಲಕ್ಕೆ ಬೆಲೆ ಕಟ್ಟುವ ಅಗತ್ಯ ತಲೆದೋರಿತು. ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟಲ್ ವಾರ್ಸ್’ ಗೊಂಬೆ ಸೈನಿಕರ ಕಾಳಗವನ್ನು ಮನೆಯ ನೆಲದ ಮೇಲೆ ತಂದಿತ್ತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಇದು ಸಂಘಗಳ ಹವ್ಯಾಸವಾಗಿ ಬೆಳೆಯಿತು. ಫಿಲ್ ಬಾರ್ಕರ್ ಮತ್ತು ಅವನ ಸಂಗಡಿಗರು ಕಟ್ಟಿದ ‘ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್’ 1969ರಿಂದ ಪ್ರಾಚೀನ ಕಾಲದ ಯುದ್ಧಗಳಿಗಾಗಿ ಹೊರತಂದ ನಿಯಮಗಳು ಪಂದ್ಯಾವಳಿಗಳಲ್ಲಿ ಬಳಕೆಗೆ ಬಂದವು. ಸೈನಿಕನ ಕವಚ, ಆಯುಧ, ಶಿಸ್ತುಗಳನ್ನು ಕೂಡಿಸಿ ಬೆಲೆ ಕಟ್ಟುವ ಕ್ರಮ ಆ ಸ್ಪರ್ಧೆಗಳ ಬುನಾದಿಯಾಯಿತು. ಆದರೆ ಬೆಲೆಯೊಂದೇ ಸಾಲದೆಂಬುದು ಬೇಗನೆ ತಿಳಿದುಬಂದುದರಿಂದ, 1980ರ ದಶಕದ ಆರಂಭದಲ್ಲಿ ಇದೇ ಬಳಗ ಪ್ರತಿಯೊಂದು ಐತಿಹಾಸಿಕ ಸೈನ್ಯಕ್ಕೂ ಪ್ರತ್ಯೇಕ ಪಟ್ಟಿಗಳನ್ನು ಪ್ರಕಟಿಸಿ, ಯಾವ ಬಗೆಯ ಸೈನಿಕರು ಕನಿಷ್ಠ ಎಷ್ಟಿರಬೇಕು, ಗರಿಷ್ಠ ಎಷ್ಟಿರಬಹುದು ಎಂಬ ಮಿತಿಗಳನ್ನು ಹಾಕಿತು. ಆ ಮಿತಿಗಳಿಗೆ ಚರಿತ್ರೆಯೇ ಸಾಕ್ಷಿಯಾಗಿತ್ತು. ಕಲ್ಪನಾಲೋಕದ ಸೈನ್ಯಗಳಿಗೆ ಅಂಥ ಸಾಕ್ಷಿ ಸಿಗುವಂತಿರಲಿಲ್ಲ, ಮತ್ತು ಮುಂದಿನ ನಾಲ್ಕು ದಶಕಗಳ ವಿವಾದದ ಬೇರು ಇಲ್ಲಿಯೇ ಇದೆ.

ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ ‘ಗೇಮ್ಸ್ ವರ್ಕ್‌ಶಾಪ್’ ಸಂಸ್ಥೆಯ ಆಸರೆಯಲ್ಲಿ, ಬ್ರಯಾನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಮತ್ತು ರಿಕ್ ಪ್ರೀಸ್ಟ್ಲಿ ರಚಿಸಿದ ವಾರ್‌ಹ್ಯಾಮರ್ ಹುಟ್ಟಿದ್ದು, ಸೋದರ ಸಂಸ್ಥೆಯಾದ ‘ಸಿಟಾಡೆಲ್ ಮಿನಿಯೇಚರ್ಸ್’ ಎರಕ ಹೊಯ್ಯುತ್ತಿದ್ದ ಲೋಹದ ಗೊಂಬೆಗಳನ್ನು ಜನ ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವಂತಾಗಲಿ ಎಂಬ ಉದ್ದೇಶದಿಂದ. ಪಾತ್ರಾಭಿನಯದ ಆಟಕ್ಕೆ ಬೆರಳೆಣಿಕೆಯ ಗೊಂಬೆಗಳು ಸಾಕು, ಆದರೆ ದಂಡಯಾತ್ರೆಗೆ ನೂರಾರು ಬೇಕು. ಮೊದಲ ಆವೃತ್ತಿಯಲ್ಲಿ ಕ್ರೀಗ್‌ಸ್ಪೀಲ್ ಮಾದರಿಯ ಆಟನಿರ್ವಾಹಕನೊಬ್ಬನಿಗೆ ಸ್ಥಾನವಿತ್ತು. 1987ರ ‘ರ್‍ಯಾವನಿಂಗ್ ಹೋರ್ಡ್ಸ್’ ಮತ್ತು 1988ರ ‘ವಾರ್‌ಹ್ಯಾಮರ್ ಆರ್ಮೀಸ್’ ಎಂಬ ಪಟ್ಟಿ ಪುಸ್ತಕಗಳು ಬಂದ ಮೇಲೆ ನಿರ್ವಾಹಕನ ಪಾತ್ರ ಹಿಂದೆ ಸರಿದು, ಅವನ ವಿವೇಚನೆಯ ಜಾಗದಲ್ಲಿ ಪಟ್ಟಿಯ ಕಾನೂನು ನೆಲೆಯಾಯಿತು. ಪಟ್ಟಿಯು ಅಂದಿನಿಂದ ಆಟದ ಕಾನೂನೂ ಆಯಿತು, ಆಟಗಾರನು ಅಂಗಡಿಯಲ್ಲಿ ಕೊಳ್ಳಬೇಕಾದ ವಸ್ತುಗಳ ಯಾದಿಯೂ ಆಯಿತು. ಈ ಎರಡು ಹಿತಗಳು ಒಂದೇ ಹಾಳೆಯಲ್ಲಿ ಕೂಡಿದ್ದರಿಂದ, ಹೊಸ ಗೊಂಬೆಗಳ ಬೆಲೆಯನ್ನು ಬೇಕೆಂದೇ ಕಡಿಮೆ ಕಟ್ಟಲಾಗಿದೆಯೇ ಎಂಬ ಸಂಶಯ ಆಟಗಾರರ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿತು.

1992ರ ನಾಲ್ಕನೆಯ ಆವೃತ್ತಿ ಮತ್ತು ಅದರ ಬೆನ್ನಿಗೆ ಒಂದೊಂದಾಗಿ ಬಂದ ಸೈನ್ಯಪುಸ್ತಕಗಳು ಶೇಕಡಾವಾರು ಮಿತಿಗಳನ್ನು ನೆಲೆಗೊಳಿಸಿದವು. ಒಟ್ಟು ಮೊತ್ತದಲ್ಲಿ ಕನಿಷ್ಠ ಶೇ. 25 ಭಾಗ ಸಾಮಾನ್ಯ ದಂಡುಗಳಿಗೆ ಸಲ್ಲಬೇಕಾಗಿದ್ದರೆ, ನಾಯಕರು ಮತ್ತು ಮಾಂತ್ರಿಕರಿಗಾಗಿ ಶೇ. 50ರವರೆಗೆ ವೆಚ್ಚ ಮಾಡಬಹುದಾಗಿತ್ತು. ಮಂತ್ರಾಯುಧಗಳನ್ನು ಧರಿಸಿ ಡ್ರ್ಯಾಗನ್ ಏರಿದ ಒಬ್ಬ ಸೇನಾನಿಯೇ ಇಡೀ ದಂಡುಗಳನ್ನು ಚದುರಿಸಬಲ್ಲವನಾದುದರಿಂದ, ಅರ್ಧ ಸೈನ್ಯದ ಬೆಲೆಯನ್ನು ಅಂಥ ಒಂದಿಬ್ಬರ ಮೇಲೆ ಸುರಿಯುವ ಪಟ್ಟಿಗಳು ಬಳಕೆಗೆ ಬಂದು, ಆ ಕಾಲದ ಆಟಕ್ಕೆ ‘ಹೀರೋಹ್ಯಾಮರ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಸಂಸ್ಥೆಯ ಮಾಸಪತ್ರಿಕೆ ‘ವೈಟ್ ಡ್ವಾರ್ಫ್’ನಲ್ಲಿ ನೈಜೆಲ್ ಸ್ಟಿಲ್‌ಮನ್ ಇದಕ್ಕೆ ಎದುರಾದ ಒಂದು ನಿಲುವನ್ನು ಮಂಡಿಸಿದನು: ಎದುರಾಳಿ ಯಾರೆಂದು ನೋಡಿ ಪಟ್ಟಿ ತಿದ್ದುವುದನ್ನು ಬಿಟ್ಟು, ಒಮ್ಮೆ ಕಟ್ಟಿದ ಸೈನ್ಯವನ್ನೇ ಎಲ್ಲ ಪಂದ್ಯಗಳಿಗೂ ಒಯ್ದು, ಅದರ ಗುಣದೋಷಗಳನ್ನು ಅರಿತು ಆಡುವುದೇ ಸೇನಾನಿಯ ಜಾಣ್ಮೆ. ಗೆಲುವು ಪಟ್ಟಿಯದೋ ಆಟಗಾರನದೋ ಎಂಬ ಜಿಜ್ಞಾಸೆಯಲ್ಲಿ ಎರಡನೆಯ ಪಕ್ಷವನ್ನು ಇಷ್ಟು ನೇರವಾಗಿ ಹಿಡಿದ ಲೇಖಕರು ವಿರಳ.

2000ದ ಆರನೆಯ ಆವೃತ್ತಿಯಲ್ಲಿ ತುವೊಮಾಸ್ ಪಿರಿನೆನ್ ಮತ್ತು ಅವನ ಸಹೋದ್ಯೋಗಿಗಳು ಶೇಕಡಾವಾರು ಲೆಕ್ಕವನ್ನು ಬಿಟ್ಟು ಸ್ಥಾನಗಳ ಲೆಕ್ಕವನ್ನು ತಂದರು. 2000 ಪಾಯಿಂಟ್ಸ್‌ಗಳ ಸೈನ್ಯದಲ್ಲಿ ನಾಯಕರು ನಾಲ್ವರಿಗಿಂತ ಹೆಚ್ಚಿರಬಾರದು, ಅವರಲ್ಲಿ ಅತ್ಯುನ್ನತ ಶ್ರೇಣಿಯವನು ಒಬ್ಬನೇ. ಮೂಲ ದಂಡುಗಳು ಕನಿಷ್ಠ ಮೂರು, ವಿಶೇಷ ದಂಡುಗಳು ಗರಿಷ್ಠ ನಾಲ್ಕು, ಅಪರೂಪದವು ಗರಿಷ್ಠ ಎರಡು. ನಾಯಕರ ಆರ್ಭಟ ತಗ್ಗಿದಾಗ ವಾದವು ದಂಡಿನ ಗಾತ್ರದ ಕಡೆಗೆ ಹೊರಳಿತು. ಆಳವಾದ ಸಾಲುಗಳು, ಧ್ವಜ, ಸಂಖ್ಯಾಬಲಗಳಿಂದ ಕಾಳಗದ ಲೆಕ್ಕದಲ್ಲಿ ಮೊದಲೇ ಮುನ್ನಡೆ ಪಡೆಯುವ ದೊಡ್ಡ ದಂಡುಗಳು ಮೇಲೋ, ಅಥವಾ ಪಾರ್ಶ್ವದಿಂದ ಏರಿಹೋಗಿ ಆ ಮುನ್ನಡೆಯನ್ನೇ ಕಸಿದುಕೊಳ್ಳುವ ಅನೇಕ ಸಣ್ಣ ದಂಡುಗಳು ಮೇಲೋ ಎಂಬುದು ಆ ಕಾಲದ ಮುಖ್ಯ ಚರ್ಚೆ. ಫಿರಂಗಿ, ಬಂದೂಕುಗಳನ್ನು ಸಾಲಾಗಿ ನಿಲ್ಲಿಸಿ ಅಲುಗಾಡದೆ ಹೊಡೆಯುವ ‘ಗನ್‌ಲೈನ್’ ಪಟ್ಟಿಯನ್ನು ಹಲವರು ನಿಯಮಬದ್ಧವೆಂದು ಒಪ್ಪಿಕೊಂಡರೂ, ಎದುರಾಳಿಗೆ ಆಡುವ ಅವಕಾಶವನ್ನೇ ಕೊಡದ ಆಟವೆಂದು ಖಂಡಿಸಿದರು. ಹೀಗೆ ಕಾನೂನಿಗೆ ಒಪ್ಪುವುದು ಮತ್ತು ಸೌಜನ್ಯಕ್ಕೆ ಒಪ್ಪುವುದು ಬೇರೆ ಬೇರೆಯಾಗಬಹುದೆಂಬ ವಿವೇಚನೆ ಬಲಿತು, ಅನೇಕ ಪಂದ್ಯಾವಳಿಗಳು ಗೆಲುವಿನ ಅಂಕಗಳ ಜೊತೆಗೆ ಬಣ್ಣಗಾರಿಕೆ, ಕ್ರೀಡಾಮನೋಭಾವ ಮತ್ತು ಸೈನ್ಯರಚನೆಗೂ ಅಂಕ ಕೊಡತೊಡಗಿದವು. ಸೈನ್ಯರಚನೆಯ ಈ ಮೌಲ್ಯಮಾಪನವನ್ನೇ ಆಟಗಾರರು ‘ಕಾಂಪ್’ ಎಂದು ಕರೆದರು.

ಕಾಂಪ್ ಅನಿವಾರ್ಯವಾದುದಕ್ಕೆ ಕಾರಣ ಪುಸ್ತಕಗಳು ಪ್ರಕಟವಾಗುತ್ತಿದ್ದ ರೀತಿಯಲ್ಲಿತ್ತು. ಹತ್ತಕ್ಕೂ ಹೆಚ್ಚು ಸೈನ್ಯಗಳ ಪುಸ್ತಕಗಳು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ಲೇಖಕರಿಂದ, ಕೆಲವೊಮ್ಮೆ ಬೇರೆ ಬೇರೆ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾಗುತ್ತಿದ್ದುದರಿಂದ, ಎಲ್ಲ ಬೆಲೆಗಳೂ ಒಂದೇ ತಕ್ಕಡಿಯಲ್ಲಿ ತೂಗಿದವಾಗಿರಲಿಲ್ಲ. 2006ರ ಏಳನೆಯ ಆವೃತ್ತಿಯ ಕಾಲದಲ್ಲಿ, 2008ರಲ್ಲಿ ಬಂದ ಡೀಮನ್ಸ್ ಆಫ್ ಕೇಯಾಸ್, ಡಾರ್ಕ್ ಎಲ್ವ್ಸ್ ಮತ್ತು ವ್ಯಾಂಪೈರ್ ಕೌಂಟ್ಸ್ ಪುಸ್ತಕಗಳು ಉಳಿದವನ್ನು ಮೀರಿಸುವಷ್ಟು ಬಲವಾಗಿವೆ ಎಂಬ ಅಭಿಪ್ರಾಯ ಸ್ಪರ್ಧಿಗಳಲ್ಲಿ ವ್ಯಾಪಕವಾಯಿತು. ಎಂಟು ಜನರ ತಂಡಗಳು ಎಂಟು ಬೇರೆ ಬೇರೆ ಸೈನ್ಯಗಳೊಡನೆ ಸೆಣಸುವ ಯೂರೋಪಿಯನ್ ಟೀಮ್ ಚಾಂಪಿಯನ್‌ಷಿಪ್ ತನ್ನದೇ ನಿರ್ಬಂಧಗಳನ್ನು ರಚಿಸಿಕೊಂಡಿತು. ತಂಡಸ್ಪರ್ಧೆಯಲ್ಲಿ ಪಟ್ಟಿಯ ಗುರಿಯೇ ಬದಲಾಗುತ್ತಿತ್ತು: ಕೆಲವು ಪಟ್ಟಿಗಳು ಭಾರೀ ಅಂತರದಿಂದ ಗೆಲ್ಲಲೆಂದು ರಚಿತವಾದರೆ, ಮತ್ತೆ ಕೆಲವು ಕೆಟ್ಟ ಜೋಡಿಯಲ್ಲೂ ಸೋಲಿನ ಅಂತರವನ್ನು ಕಿರಿದಾಗಿಸಲೆಂದೇ ರಚಿತವಾಗುತ್ತಿದ್ದವು. ಸ್ವೀಡನ್ನಿನ ಆಟಗಾರರು ರೂಪಿಸಿದ ಕಾಂಪ್ ಪದ್ಧತಿ ಇನ್ನೂ ಮುಂದೆ ಹೋಗಿ, ಪಟ್ಟಿಯೊಳಗಿನ ಬಲವಾದ ಆಯ್ಕೆಗಳಿಗೆ ದಂಡ ವಿಧಿಸಿ, ಇಡೀ ಪಟ್ಟಿಯ ಬಲವನ್ನು ಒಂದು ಅಂಕವಾಗಿ ತೋರಿಸಲು ಯತ್ನಿಸಿತು. ಬೆಲೆಯ ಮೇಲೆ ಇನ್ನೊಂದು ಬೆಲೆಯನ್ನು ಕಟ್ಟಿದ ಕ್ರಮವಿದು.

2010ರ ಎಂಟನೆಯ ಆವೃತ್ತಿಯ ಚರ್ಚೆಗಳು ಸೇನಾಪಟ್ಟಿಯ ತರ್ಕ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ. ಶೇಕಡಾವಾರು ಮಿತಿಗಳು ಮರಳಿ ಬಂದವು. ಎದುರಾಳಿಗಿಂತ ಹೆಚ್ಚು ಸಾಲುಗಳುಳ್ಳ ದಂಡು ಸೋತರೂ ಸುಲಭವಾಗಿ ಓಡದೆ ನಿಲ್ಲುವ ಹೊಸ ನಿಯಮ ದೊಡ್ಡ ದಂಡುಗಳಿಗೆ ನೆರವಾಯಿತು. ಆರನೆಯ ಆವೃತ್ತಿಯಲ್ಲಿ ಅರ್ಧ ನಾಶವಾದ ದಂಡಿಗೆ ಅರ್ಧ ಅಂಕ ಸಿಗುತ್ತಿದ್ದರೆ, ಈಗ ದಂಡು ಪೂರ್ತಿ ನಾಶವಾಗದೆ ಅಥವಾ ಪಲಾಯನ ಮಾಡದೆ ಎದುರಾಳಿಗೆ ಅಂಕವೇ ಇಲ್ಲವೆಂದಾಯಿತು. ಈ ಎರಡು ನಿಯಮಗಳನ್ನು ಕೂಡಿಸಿ ಓದಿದ ಸ್ಪರ್ಧಿಗಳು, ಎಲ್ಲ ನಾಯಕರನ್ನೂ ಒಂದೇ ಬೃಹತ್ ದಂಡಿನೊಳಗೆ ಸೇರಿಸಿದ ‘ಡೆತ್‌ಸ್ಟಾರ್’ ಪಟ್ಟಿಯನ್ನು ಕಂಡುಕೊಂಡರು. ಅದಕ್ಕೆ ಪ್ರತಿಯಾಗಿ, ಪ್ರತಿ ಸೈನಿಕನನ್ನೂ ಅವನ ಮೈಗುಣದ ಪರೀಕ್ಷೆಗೆ ಒಡ್ಡಿ, ಸೋತವನನ್ನು ಕವಚದ ಹಂಗಿಲ್ಲದೆ ಕೊಲ್ಲುವ ಮಹಾಮಂತ್ರಗಳನ್ನು ಹೊತ್ತ ಮಾಂತ್ರಿಕರು ಪಟ್ಟಿಗಳಲ್ಲಿ ಹೆಚ್ಚಿದರು. ಅಂಥವರು ಹೆಚ್ಚಿದಂತೆ, ಎಲ್ಲ ಬಲವನ್ನೂ ಒಂದೆಡೆ ಕೂಡಿಡುವುದು ಅಪಾಯವೆಂಬ ಸಣ್ಣ ದಂಡುಗಳ ಪಕ್ಷದ ವಾದಕ್ಕೆ ಮತ್ತೆ ಕಸುವು ಬಂದಿತು. ಯಾವ ಪಡೆಯ ನಿಜವಾದ ಬೆಲೆಯೂ ಅದರೊಳಗೇ ಅಡಗಿರುವುದಿಲ್ಲ, ಉಳಿದವರು ಏನನ್ನು ತರುತ್ತಾರೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಡ್ರ್ಯಾಗನ್‌ಗಳು ತುಂಬಿದ ಪಂದ್ಯಾವಳಿಯಲ್ಲಿ ಫಿರಂಗಿ ಅಮೂಲ್ಯ; ಫಿರಂಗಿಗೆ ಹೆದರಿ ಡ್ರ್ಯಾಗನ್‌ಗಳು ಮರೆಯಾದ ಮೇಲೆ ಅದೇ ಫಿರಂಗಿ ದುಬಾರಿ. ಈ ಏರಿಳಿತದ ವಾತಾವರಣಕ್ಕೆ ಆಟಗಾರರು ‘ಮೆಟಾ’ ಎನ್ನುತ್ತಾರೆ, ಮತ್ತು ಪಟ್ಟಿಯ ಬಗ್ಗೆ ವಾದಿಸುವುದೆಂದರೆ ಬಹುಪಾಲು ಮೆಟಾವನ್ನು ಊಹಿಸುವುದೇ ಆಗಿರುತ್ತದೆ.

2015ರಲ್ಲಿ ಸಂಸ್ಥೆಯು ಹಳೆಯ ಆಟವನ್ನು ನಿಲ್ಲಿಸಿ, ಅದರ ಜಾಗದಲ್ಲಿ ‘ಏಜ್ ಆಫ್ ಸಿಗ್ಮಾರ್’ ಅನ್ನು ಪಾಯಿಂಟ್ಸ್‌ಗಳೇ ಇಲ್ಲದೆ ಪ್ರಕಟಿಸಿತು. ಬೆಲೆಯಿಲ್ಲದಿದ್ದರೆ ವಾದವೂ ಇರದೆಂದು ಭಾವಿಸಬಹುದಿತ್ತು, ಆದರೆ ಆದದ್ದು ಬೇರೆ. ಪಂದ್ಯಾವಳಿ ನಡೆಸುವವರು ತಾವೇ ಬೆಲೆಗಳನ್ನು ರಚಿಸಿಕೊಂಡರು. ಮರುವರ್ಷ, 2016ರಲ್ಲಿ, ಸಂಸ್ಥೆ ‘ಜನರಲ್ಸ್ ಹ್ಯಾಂಡ್‌ಬುಕ್’ ಮೂಲಕ ಪಾಯಿಂಟ್ಸ್‌ಗಳನ್ನು ಮರಳಿ ತಂದಿತು. ಹಳೆಯ ಆಟವನ್ನು ಬಿಡಲೊಪ್ಪದ ಯೂರೋಪಿನ ಸ್ಪರ್ಧಾವಲಯದವರು ‘ದಿ ನೈನ್ತ್ ಏಜ್’ ಎಂಬ ನಿಯಮಾವಳಿಯನ್ನು ಸ್ವಯಂಸೇವಕರಾಗಿ ಕಟ್ಟಿ, ಬೆಲೆಗಳನ್ನು ಪಂದ್ಯಗಳ ಅನುಭವದ ಆಧಾರದ ಮೇಲೆ ತಿದ್ದುತ್ತ ಬಂದರು. 2024ರ ಜನವರಿಯಲ್ಲಿ ‘ವಾರ್‌ಹ್ಯಾಮರ್: ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಹಳೆಯ ಲೋಕ ಮರಳಿದಾಗ, ನಾಯಕರಿಗೆ ಶೇ. 50ರವರೆಗಿನ 1992ರ ಮಿತಿಯೂ ಮರಳಿತು. ಅದರೊಡನೆ ಡ್ರ್ಯಾಗನ್ ಏರಿದ ಸೇನಾನಿಯ ಕುರಿತ ಹಳೆಯ ತಕರಾರೂ ಮರಳಿತು.

ಈ ಇತಿಹಾಸದಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಅಸಮಾನ ಸೈನ್ಯಗಳ ನಡುವಿನ ನ್ಯಾಯವನ್ನು ಒಂದು ಪುಸ್ತಕದಲ್ಲಿ ಒಮ್ಮೆಗೇ ಬರೆದು ಮುಗಿಸಲು ಬರುವುದಿಲ್ಲ; ಬೆಲೆ, ಸ್ಥಾನಮಿತಿ, ಶೇಕಡಾವಾರು, ಕಾಂಪ್ ಇವೆಲ್ಲವೂ ಆಟಗಾರರ ಸಮುದಾಯ ಕಾಲಕಾಲಕ್ಕೆ ಮಾಡಿಕೊಂಡ ಒಪ್ಪಂದಗಳು, ಮತ್ತು ಆ ಒಪ್ಪಂದಗಳನ್ನು ಪರೀಕ್ಷಿಸಿ ತಿದ್ದುವ ಸಾಧನವೇ ಪಟ್ಟಿಗಳ ವಾಗ್ವಾದ. ಅದನ್ನು ಗೆಲುವಿನ ಹಪಹಪಿಯೆಂದು ತಳ್ಳಿಹಾಕುವವರು ಆಟವನ್ನು ಉಳಿಸಿಕೊಂಡು ಬಂದ ಶ್ರಮವನ್ನೇ ಕಡೆಗಣಿಸುತ್ತಾರೆ. ಗ್ರಂಥಾಲಯಗಳೂ ಸಂಗ್ರಾಹಕರೂ ಜೋಪಾನ ಮಾಡುತ್ತಿರುವ ನಿಯಮಪುಸ್ತಕಗಳು ಈ ಕಥೆಯ ಅರ್ಧವನ್ನಷ್ಟೇ ಹೇಳುತ್ತವೆ. ಪಂದ್ಯಾವಳಿಗಳ ನಿರ್ಬಂಧಪತ್ರಗಳು, ಕಾಂಪ್ ಕರಡುಗಳು, ಸ್ಪರ್ಧಿಗಳು ಬರೆದ ಸೇನಾಪಟ್ಟಿಗಳು ಉಳಿದರ್ಧವನ್ನು ಹೇಳುವ ಆಕರಗಳಾಗಿರುವುದರಿಂದ, ಆಟಗಳ ಇತಿಹಾಸ ಬರೆಯುವವರು ಅವನ್ನೂ ಅಷ್ಟೇ ಶ್ರದ್ಧೆಯಿಂದ ಸಂಗ್ರಹಿಸಬೇಕು.