ಎದುರಾಳಿಯೇ ಜೋಡಿ: ಕ್ರೈಸ್ತ ಚಿಂತನೆಯಲ್ಲಿ ಕ್ರೀಡಾ ಸ್ಪರ್ಧೆ

ಬೆಳಗಾವಿಯ ಆನಂದವಾಡಿ ಅಖಾಡದಲ್ಲಾಗಲಿ, ಖಾನಾಪುರ ಸೀಮೆಯ ಜಾತ್ರೆಯಲ್ಲಾಗಲಿ, ಕುಸ್ತಿಗೆ ಇಳಿಯುವ ಇಬ್ಬರನ್ನು ಜನ ‘ಜೋಡಿ’ ಎನ್ನುತ್ತಾರೆ. ತೂಕ, ತಾಲೀಮು ನೋಡಿ ಜೋಡಿ ಗೊತ್ತುಮಾಡುತ್ತಾರೆ. ಕಣಕ್ಕಿಳಿದ ಪೈಲ್ವಾನ ಬಗ್ಗಿ ಒಂದು ಹಿಡಿ ಕೆಂಪು ಮಣ್ಣೆತ್ತಿ ಎದುರಿನವನ ಅಂಗೈಗೆ ಹಾಕುತ್ತಾನೆ. ಅವನೂ ಹಾಗೆಯೇ ಮಾಡುತ್ತಾನೆ. ಪಟ್ಟು ಹಿಡಿಯುವುದು ಆಮೇಲೆ. ಕೆಡವಬೇಕಾದವನನ್ನೇ ಜೋಡಿ ಎಂದು ಕರೆಯುವ ಈ ಮಾತಿನಲ್ಲಿ ದೊಡ್ಡ ತಿಳಿವಳಿಕೆಯಿದೆ. ಕ್ರೈಸ್ತ ಚಿಂತನೆ ಅಲ್ಲಿಗೆ ಬಂದು ಮುಟ್ಟಲು ಎರಡು ಸಾವಿರ ವರ್ಷ ನಡೆಯಬೇಕಾಯಿತು.

ಪ್ರಶ್ನೆ ಸರಳವಾದದ್ದು. ವೈರಿಯನ್ನೂ ಪ್ರೀತಿಸು ಎಂದು ಧರ್ಮ ಹೇಳುತ್ತದೆ. ಎದುರಿನವನನ್ನು ಸೋಲಿಸು ಎಂದು ಆಟ ಹೇಳುತ್ತದೆ. ಎರಡನ್ನೂ ಒಬ್ಬನೇ ಹೇಗೆ ಪಾಲಿಸಬೇಕು?

ಮೊದಲ ಉತ್ತರ ಸಂತ ಪೌಲನದು. ಅವನು ಪತ್ರ ಬರೆದ ಕೊರಿಂಥದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡಿಹೋಗುವ ಎಲೆಗಳ ಕಿರೀಟ. ಓಟಗಾರನ ಸಂಯಮವನ್ನು ಪೌಲ ಭಕ್ತನಿಗೆ ಮಾದರಿಯಾಗಿ ಕೊಟ್ಟನು, ಬಾಡದ ಕಿರೀಟಕ್ಕಾಗಿ ಓಡಿ ಎಂದನು. ಆದರೆ ಸುಮಾರು ಕ್ರಿ.ಶ. 200ರ ಹೊತ್ತಿಗೆ ಕಾರ್ತೇಜಿನ ತೆರ್ತುಲ್ಲಿಯನ್ ಬೇರೆ ದನಿ ಎತ್ತಿದನು. ರೋಮನ್ನರ ಆಟದ ಕಣಗಳಲ್ಲಿ ವಿಗ್ರಹಾರಾಧನೆಯೂ ರಕ್ತದ ಹುಚ್ಚೂ ಬೆರೆತಿದ್ದವು. ಕ್ರೈಸ್ತರು ಅತ್ತ ಸುಳಿಯಲೂ ಬಾರದು ಎಂಬುದು ಅವನ ವಾದ. ಆಟದ ಬಗೆಗಿನ ಈ ಅಳುಕು ಮುಂದೆಯೂ ಬಹುಕಾಲ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಳಿ ಬದಲಾಯಿತು. ಥಾಮಸ್ ಹ್ಯೂಸ್, ಚಾರ್ಲ್ಸ್ ಕಿಂಗ್ಸ್‌ಲಿ ಅವರಂಥವರು ಗಟ್ಟಿ ಮೈಯಲ್ಲಿ ಗಟ್ಟಿ ಶೀಲ ಬೆಳೆಯುತ್ತದೆ ಎಂದು ಸಾರಿದರು. ರಗ್ಬಿ ಶಾಲೆಯ ಹುಡುಗರ ಬದುಕನ್ನು ಹೇಳುವ ಹ್ಯೂಸ್ ಕಾದಂಬರಿ ಬಂದದ್ದು 1857ರಲ್ಲಿ. ಅದರ ಹಿಂದಿನ ವರ್ಷ, 1856ರಲ್ಲಿ, ಬೆಳಗಾವಿಯ ಕ್ಯಾಂಪಿನಲ್ಲಿ ಸೇಂಟ್ ಪೌಲ್ಸ್ ಶಾಲೆ ಶುರುವಾಗಿತ್ತು. ದಂಡಿನ ಊರು, ಮಿಷನ್ ಶಾಲೆ, ವಿಶಾಲ ಮೈದಾನ: ಇವು ಮೂರೂ ಒಂದೆಡೆ ಸೇರಿದ್ದು ನಮ್ಮ ಆಟದ ಇತಿಹಾಸಕ್ಕೆ ದೊಡ್ಡ ಲಾಭ. ಆದರೆ ಆ ಆದರ್ಶಕ್ಕೊಂದು ಕುಂದೂ ಇತ್ತು. ಗೆಲ್ಲುವ ಗಂಡಸುತನ ಸಾಮ್ರಾಜ್ಯದ ಕೈಯಾಳಾಯಿತು. ಬಲಹೀನನಿಗೆ ಅಲ್ಲಿ ಜಾಗವಿರಲಿಲ್ಲ.

ಆ ಕುಂದನ್ನು ಸ್ವಲ್ಪಮಟ್ಟಿಗೆ ತಿದ್ದಿದ್ದು 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೈಎಂಸಿಎ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಅದರ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಕಟ್ಟಿದರು. ಚೆಂಡು ಹಿಡಿದು ಓಡಬಾರದು, ಎದುರಿನವನನ್ನು ತಳ್ಳಬಾರದು, ಬುಟ್ಟಿ ತಲೆಯ ಮೇಲಿರಬೇಕು. ಒರಟುತನಕ್ಕೆ ಎಡೆಯಿಲ್ಲದಂತೆ ಮಾಡಿದ ಏರ್ಪಾಡು ಇದು. ನೀತಿ ಇಲ್ಲಿ ಉಪದೇಶವಾಗದೆ ನಿಯಮವಾಯಿತು. 1920ರಲ್ಲಿ ಎಚ್.ಸಿ. ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಶಾಲೆಯ ‘ಪಿ.ಟಿ. ಮಾಸ್ತರ’ ಎಂಬ ವೃತ್ತಿಗೆ ದಕ್ಷಿಣ ಭಾರತದಲ್ಲಿ ಅದು ಭದ್ರ ಬುನಾದಿ ಹಾಕಿತು.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 100 ಮೀಟರ್ ಓಟ ಬಿಟ್ಟುಕೊಟ್ಟರು. ಅದರ ಅರ್ಹತಾ ಸುತ್ತು ಭಾನುವಾರ ಬಿದ್ದಿತ್ತು. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಈ ಕಥೆ ಎಲ್ಲ ಭಾನುವಾರ ಶಾಲೆಗಳಲ್ಲೂ ಕೇಳಿಬರುತ್ತದೆ. ಅದರ ಉತ್ತರಾರ್ಧ ನನಗೆ ಇನ್ನೂ ದೊಡ್ಡದು. ಮಿಷನರಿಯಾಗಿ ಚೀನಾಕ್ಕೆ ಹೋದ ಲಿಡೆಲ್ ಯುದ್ಧಕಾಲದಲ್ಲಿ ಜಪಾನೀಯರ ಬಂಧನ ಶಿಬಿರ ಸೇರಿದರು. ಅಲ್ಲಿನ ಹುಡುಗರು ಭಾನುವಾರ ಹಾಕಿ ಆಡಿ, ರೆಫರಿಯಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾವೇ ಸೀಟಿ ಹಿಡಿದು ಮೈದಾನಕ್ಕಿಳಿದರು. ತನ್ನ ಪದಕಕ್ಕಾಗಿ ಮುರಿಯದ ವ್ರತವನ್ನು ಮಕ್ಕಳಿಗಾಗಿ ಸಡಿಲಿಸಿದ ಆ ಜೀವ 1945ರಲ್ಲಿ ಶಿಬಿರದಲ್ಲೇ ತೀರಿತು. ನಿಯಮ ಯಾರಿಗಾಗಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

2018ರಲ್ಲಿ ವ್ಯಾಟಿಕನ್ ಕ್ರೀಡೆಯ ಕುರಿತೇ ಒಂದು ದಸ್ತಾವೇಜು ಹೊರತಂದಿತು. ದೇಹ ಬರೀ ಸಾಧನವಲ್ಲ. ಉದ್ದೀಪನ ಮದ್ದು, ಭ್ರಷ್ಟಾಚಾರ, ಮಕ್ಕಳ ಮೇಲೆ ಹೇರುವ ಒತ್ತಡ ಇವೆಲ್ಲ ಮನುಷ್ಯನ ಘನತೆಗೆ ಪೆಟ್ಟು ಎಂಬುದು ಅದರ ಸಾರ. ಪೌಲನ ಶಿಸ್ತು, ತೆರ್ತುಲ್ಲಿಯನ್ನನ ಎಚ್ಚರ, ನೈಸ್ಮಿತ್ತರ ನಿಯಮ ಮೂರೂ ಇಲ್ಲಿ ಕೂಡಿಕೊಂಡಿವೆ.

ನಮ್ಮೂರಿಗೆ ಮರಳೋಣ. 1964ರ ಟೋಕಿಯೊದಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿದ್ದ ಬಂಡು ಪಾಟೀಲರ ಊರು ಬೆಳಗಾವಿ. ಸೇಂಟ್ ಪೌಲ್ಸ್ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ನೆನಪಿನಲ್ಲಿ ಅಂತರಶಾಲಾ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಾರೆ. ಮಳೆಗಾಲದ ಕ್ಯಾಂಪ್ ಮೈದಾನವನ್ನು ನೆನೆಯಿರಿ: ಪೆನಾಲ್ಟಿ ಒದೆಯುವ ಹುಡುಗ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ, ಮೊಣಕಾಲತನಕ ಕೆಸರು ಮೆತ್ತಿಕೊಂಡ ಗೋಲ್‌ಕೀಪರನೂ ಹಾಕಿಕೊಳ್ಳುತ್ತಾನೆ. ದೇವರು ಯಾರ ಮಾತು ಕೇಳಬೇಕು? ‘ನನ್ನನ್ನು ಗೆಲ್ಲಿಸು’ ಎಂಬ ಪ್ರಾರ್ಥನೆಗೆ ಉತ್ತರವಿಲ್ಲ. ‘ನಾವಿಬ್ಬರೂ ನಮ್ಮ ಪೂರ್ಣ ಶಕ್ತಿಯಿಂದ ಆಡುವಂತಾಗಲಿ’ ಎಂಬುದಕ್ಕೆ ಇದೆ.

ಖಾನಾಪುರದ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ ಆಡುವ ಕ್ರೈಸ್ತ ಮಕ್ಕಳು ಎಲ್ಲ ಜಾತಿಧರ್ಮದವರೊಂದಿಗೆ ಒಂದೇ ಮೈದಾನ ಹಂಚಿಕೊಳ್ಳುತ್ತಾರೆ. ಭಾನುವಾರದ ಬಲಿಪೂಜೆಗೂ ಭಾನುವಾರದ ಪಂದ್ಯಕ್ಕೂ ಹೊಂದಿಕೆ ಮಾಡುವುದು ಹಿರಿಯರ ಕೆಲಸ. ಪೂಜೆ ಮುಗಿದ ಮೇಲೆ ಟಾಸ್ ಹಾಕಿದರೆ ಎರಡೂ ಉಳಿಯುತ್ತವೆ. ಇನ್ನೊಂದು ಕೆಲಸ ನಮ್ಮ ಗುರುಗಳದು, ಮಾಸ್ತರರದು. ಪಂದ್ಯಕ್ಕೆ ಮುಂಚೆ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುವಾಗ ಎದುರಿನ ತಂಡದ ಹೆಸರನ್ನೂ ಸೇರಿಸಿ, ಆ ಮಕ್ಕಳ ಕೈಕಾಲಿಗೆ ಪೆಟ್ಟಾಗದಿರಲಿ ಎಂದು ಹೇಳಿಸಲಿ. ಅವರು ಬಾರದಿದ್ದರೆ ನಮಗೆ ಆಟವೇ ಇಲ್ಲ. ಅಖಾಡದ ಪೈಲ್ವಾನ ಎದುರಿನವನ ಅಂಗೈಗೆ ಮಣ್ಣು ಹಾಕುವಾಗ ಹೇಳುವುದೂ ಇದನ್ನೇ: ನೀನಿದ್ದರೆ ನಾನು.